ನೈಲ್ ದಂಡೆಗೆ ಹೊರಟ ಮೇಧಾಳಿಗೆ

ಸಾಗರ

ಚಿ. ಸೌ. ಮೇಧಾಳಿಗೆ ಅತ್ತೆಯ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಅಡಿಕೆ ಕೊಯ್ಲು ನಡೆದಿದೆ, ಹಗಲು ಫೋನು ಹಿಡಿದು ಕೂರಲು ಪುರುಸೊತ್ತಿಲ್ಲ. ಅದಕ್ಕೇ ರಾತ್ರಿ ಕೂತು ಬರೆಯುತ್ತಿದ್ದೇನೆ. “ನೀವು ವರ್ಷಗಟ್ಟಲೆ ಈಜಿಪ್ಟಿನಲ್ಲೇ ಇದ್ದವರು ಅತ್ತೆ, ಯಾವ ಬಟ್ಟೆ ಹಾಕಬೇಕು, ಏನು ಕೊಳ್ಳಬೇಕು, ಅಷ್ಟು ಹೇಳಿ ಸಾಕು” ಅಂದಿದ್ದೀಯ. ಅಷ್ಟಕ್ಕೇ ಬಾಯಿ ಮುಚ್ಚುವ ಜಾಯಮಾನ ನನ್ನದಲ್ಲ ಅಂತ ನಿನಗೂ ಗೊತ್ತು, ಆದರೂ ಕೇಳಿದೆ. ಈಗ ಓದು.

ನೀನು ಕಳಿಸಿದ ಪ್ರವಾಸದ ಪಟ್ಟಿ ನೋಡಿದೆ. ಕೈರೋದಲ್ಲಿ ಪಿರಮಿಡ್ಡು, ಹೊಸ ಮ್ಯೂಸಿಯಂ, ವಿಮಾನದಲ್ಲಿ ಲಕ್ಸರ್, ಅಲ್ಲಿಂದ ಆಸ್ವಾನ್‌ವರೆಗೆ ದೊಡ್ಡ ಹಡಗು, ಕೊನೆಗೆ ನಸುಕಿನಲ್ಲಿ ಎಬ್ಬಿಸಿ ಬಸ್ಸಿನಲ್ಲಿ ಅಬು ಸಿಂಬೆಲ್. ಕಲ್ಲು ನೋಡುವವರಿಗೆ ಚೊಕ್ಕದಾದ ಪಟ್ಟಿ. ಆದರೆ ನೀವು ಕಟ್ಟಿದ ದುಡ್ಡಿನಲ್ಲಿ ಆ ದಂಡೆಯ ಊರುಗಳಿಗೆ ಸೇರುವುದು ಎಷ್ಟು ಅಂತ ಯೋಚಿಸಿದೆಯಾ? ಊಟ ಹಡಗಿನಲ್ಲಿ, ನಿದ್ದೆ ಹಡಗಿನಲ್ಲಿ, ಅಂಗಡಿಯೂ ಹಡಗಿನಲ್ಲೇ. ಎಡ್ಫುವಿನಲ್ಲೋ ಕೊಮ್ ಒಂಬೊದಲ್ಲೋ ಸ್ವಲ್ಪ ಹೊತ್ತು ಇಳಿಸಿ, ದೇವಸ್ಥಾನ ತೋರಿಸಿ, ತಲೆ ಎಣಿಸಿ ಮತ್ತೆ ಹತ್ತಿಸಿಕೊಳ್ಳುತ್ತಾರೆ. ಊರಿನ ಚಹಾದಂಗಡಿಯವನಿಗೆ ಕಾಣುವುದು ನಿಮ್ಮ ಬೆನ್ನು ಮಾತ್ರ.

ಹಡಗನ್ನೇ ಬಿಡು ಅನ್ನುತ್ತಿಲ್ಲ. ಅದರಲ್ಲಿ ದುಡಿಯುವ ಹುಡುಗರೂ ಅಲ್ಲಿಯವರೇ, ಅವರಿಗೂ ಸಂಸಾರವಿದೆ. ಆದರೆ ಎರಡು ರಾತ್ರಿಗಳನ್ನಾದರೂ ಅದರಿಂದ ಕಿತ್ತುಕೋ. ಒಂದು ರಾತ್ರಿ ಲಕ್ಸರಿನ ಪಶ್ಚಿಮ ದಂಡೆಯಲ್ಲಿ. ಅಲ್ಲಿ ಮನೆಮಂದಿಯೇ ನಡೆಸುವ ಸಣ್ಣ ವಸತಿಗೃಹಗಳಿವೆ. ನದಿ ದಾಟಲು ಊರವರು ಹತ್ತುವ ದೊಡ್ಡ ಫೆರ್ರಿಯನ್ನೇ ಹಿಡಿ. ಆ ಕಡೆ ಗುರ್ನಾ ಅಂತೊಂದು ಊರಿತ್ತು. ರಾಜಮನೆತನದ ಅಧಿಕಾರಿಗಳ ಗೋರಿಗಳಿರುವ ಗುಡ್ಡದ ಮೇಲೇ ಜನ ತಲೆಮಾರುಗಳಿಂದ ಮನೆ ಕಟ್ಟಿಕೊಂಡಿದ್ದರು. ಅವರನ್ನು ಎಬ್ಬಿಸಲು 1940ರ ದಶಕದಲ್ಲಿ ಹಸನ್ ಫಾತಿ ಎಂಬ ವಾಸ್ತುಶಿಲ್ಪಿ ಕೆಳಗೆ ಮಣ್ಣಿನ ಇಟ್ಟಿಗೆಯ ಚಂದದ ಹೊಸ ಊರು ಕಟ್ಟಿದ. ಬಹಳಷ್ಟು ಜನ ಅಲ್ಲಿಗೆ ಇಳಿಯಲೇ ಇಲ್ಲ. ಕೊನೆಗೆ 2006ರ ನಂತರ ಬುಲ್ಡೋಜರ್ ತಂದು ಗುಡ್ಡದ ಮನೆಗಳನ್ನು ಕೆಡವಿದರು. ಗುಡ್ಡ ಈಗ ಪ್ರವಾಸಿಗರಿಗೆ ಅಚ್ಚುಕಟ್ಟಾಗಿ ಕಾಣುತ್ತದೆ. ಫಾತಿ ಕಟ್ಟಿದ ಮಸೀದಿ ಇನ್ನೂ ಇದೆ, ಹೋಗಿ ನೋಡು.

ಇನ್ನೊಂದು ರಾತ್ರಿ ಆಸ್ವಾನ್‌ನಲ್ಲಿ. ಇದರ ಬಗ್ಗೆ ನಾನು ಸ್ವಲ್ಪ ಉದ್ದ ಬರೆಯುತ್ತೇನೆ, ಸೈರಿಸಿಕೋ.

ನಾನೂ ನಿನ್ನ ಅಪ್ಪನೂ ಹುಟ್ಟಿದ ಮನೆ ಶರಾವತಿ ಹಿನ್ನೀರಿನ ಅಡಿಯಲ್ಲಿದೆ. ಲಿಂಗನಮಕ್ಕಿ ಕಟ್ಟಿ ಮುಗಿಸಿದ್ದು 1964ರಲ್ಲಿ. ಸರಿಯಾಗಿ ಅದೇ ಹೊತ್ತಿಗೆ ಆಸ್ವಾನ್‌ನಲ್ಲಿ ನೈಲ್‌ಗೆ ದೊಡ್ಡ ಅಣೆಕಟ್ಟು ಏಳುತ್ತಿತ್ತು. ಅಲ್ಲಿನ ನುಬಿಯನ್ ಜನರಿಗೆ ಅದು ಮೊದಲ ಮುಳುಗಡೆಯಲ್ಲ. 1902ರಲ್ಲಿ ಹಳೆಯ ಅಣೆಕಟ್ಟು ಬಂತು, 1912ರಲ್ಲಿ ಅದನ್ನು ಎತ್ತರಿಸಿದರು, 1933ರಲ್ಲಿ ಇನ್ನೊಮ್ಮೆ ಎತ್ತರಿಸಿದರು. ಪ್ರತಿ ಸಲವೂ ಒಂದಷ್ಟು ತೋಟ, ಒಂದಷ್ಟು ಖರ್ಜೂರದ ಮರ, ಒಂದಷ್ಟು ಊರು ನೀರಿಗೆ ಹೋಯಿತು. 1963-64ರಲ್ಲಿ ಉಳಿದವರನ್ನೂ, ಸುಮಾರು 50,000 ಜನರನ್ನು, ಎಬ್ಬಿಸಿ ಕೊಮ್ ಒಂಬೊ ಹತ್ತಿರದ ಸರ್ಕಾರಿ ಕಾಲೊನಿಗಳಿಗೆ ಸಾಗಿಸಿದರು. ನದಿಯ ಅಂಚಿನಲ್ಲೇ ಬದುಕಿದವರಿಗೆ ನದಿ ಕಾಣದ ಜಾಗ.

ಅದೇ ನೀರಿನಲ್ಲಿ ಮುಳುಗಲಿದ್ದ ಪುರಾತನ ಗುಡಿಗಳನ್ನು ಉಳಿಸಲು ಯುನೆಸ್ಕೊ 1960ರಲ್ಲೇ ಕರೆ ಕೊಟ್ಟಿತ್ತು, ದೇಶದೇಶಗಳು ಓಡಿ ಬಂದವು. ಅಬು ಸಿಂಬೆಲ್ ಗುಡಿಗಳನ್ನು ಕೊಯ್ದು ತುಂಡು ತುಂಡು ಮಾಡಿ, 1968ರ ಹೊತ್ತಿಗೆ ಸುಮಾರು 65 ಮೀಟರ್ ಮೇಲೆ ಮತ್ತೆ ಜೋಡಿಸಿದರು. ನಮ್ಮ ಭಾರತದ ಪುರಾತತ್ವ ಇಲಾಖೆಯವರೂ ಹೋಗಿ ಆಫಿಯೆ ಎಂಬಲ್ಲಿ ಉತ್ಖನನ ಮಾಡಿದರು. ಸಹಾಯ ಮಾಡಿದ ದೇಶಗಳಿಗೆ ಉಡುಗೊರೆಯಾಗಿ ಒಂದು ಗುಡಿ ಮ್ಯಾಡ್ರಿಡ್ಡಿಗೆ ಹೋಯಿತು, ಇನ್ನೊಂದು ನ್ಯೂಯಾರ್ಕಿಗೆ. ದೊಡ್ಡ ಕೆಲಸವೇ, ಅಲ್ಲಗಳೆಯುವುದಿಲ್ಲ. ಆದರೆ ಗುಡಿಯನ್ನು ಎತ್ತುವಾಗ ಒಂದೊಂದು ಕಲ್ಲಿಗೂ ನಂಬರು ಬರೆದರು. ಜನರನ್ನು ಎತ್ತುವಾಗ ಅಷ್ಟು ಜತನ ಯಾರಿಗಿತ್ತು? ಮುಳುಗಡೆಯ ಮನೆಯಲ್ಲಿ ಹುಟ್ಟಿದವಳು ನಾನು, ಈ ಪ್ರಶ್ನೆ ಕೇಳದೆ ನನಗೆ ಅಬು ಸಿಂಬೆಲ್ ನೋಡಲಾಗಲಿಲ್ಲ.

ಹಾಗಾಗಿ ಅಬು ಸಿಂಬೆಲ್‌ಗೆ ಹೋಗುವ ಮುನ್ನ ಆಸ್ವಾನ್‌ನ ನುಬಿಯಾ ಮ್ಯೂಸಿಯಮ್ಮಿನಲ್ಲಿ ಅರ್ಧ ದಿನ ಕಳೆ. ರಾತ್ರಿ ಎಲಿಫೆಂಟೈನ್ ದ್ವೀಪದಲ್ಲೋ ಗರ್ಬ್ ಸುಹೇಲ್‌ನಲ್ಲೋ ನುಬಿಯನ್ ಕುಟುಂಬವೇ ನಡೆಸುವ ಮನೆಯಲ್ಲಿ ಉಳಿ. ಗರ್ಬ್ ಸುಹೇಲ್ ಈಗ ನೀಲಿ, ಹಳದಿ ಬಣ್ಣ ಬಳಿದ ಗೋಡೆಗಳಿಗೆ ಪ್ರಸಿದ್ಧ. ದೋಣಿ ತುಂಬ ಜನ ಬಂದು, ಫೋಟೊ ಹೊಡೆದು, ಒಂದು ಲೋಟ ಚಹಾ ಕುಡಿದು ಹೋಗುತ್ತಾರೆ. ಆ ಜಾತ್ರೆಯ ಹೊತ್ತು ದಾಟಿದ ಮೇಲೆ ಊರು ಊರಾಗುತ್ತದೆ. ಅಲ್ಲಿ ಕೆಲವು ಮನೆಗಳಲ್ಲಿ ಮೊಸಳೆ ಮರಿಯನ್ನು ತೊಟ್ಟಿಯಲ್ಲಿಟ್ಟು, ಬಾಯಿ ಕಟ್ಟಿ, ಪ್ರವಾಸಿಗರ ಕೈಗೆ ಕೊಡುತ್ತಾರೆ. ನೀನು ಮುಟ್ಟಬೇಡ. ಶಾಲೆ ತೋರಿಸುತ್ತೇವೆ ಅಂತಲೂ ಕರೆಯುತ್ತಾರೆ. ಪಾಠ ನಡೆಯುವ ತರಗತಿಗೆ ಅಪರಿಚಿತರು ಕ್ಯಾಮೆರಾ ಹಿಡಿದು ನುಗ್ಗಿದರೆ ನಮ್ಮೂರ ಮೇಷ್ಟ್ರು ಸುಮ್ಮನಿರುತ್ತಿದ್ದರಾ? ಮಕ್ಕಳಿಗೆ ಚಾಕಲೇಟು, ಪೆನ್ನು ಹಂಚುವ ಧಾರಾಳವೂ ಬೇಡ. ಪ್ರವಾಸಿಗರ ಹಿಂದೆ ಓಡಿದರೆ ಶಾಲೆಗಿಂತ ಲಾಭ ಅಂತ ಮಗುವಿಗೆ ಕಲಿಸಿದಂತಾಗುತ್ತದೆ. ಅದರ ಬದಲು ಆ ಮನೆಯಲ್ಲಿ ಊಟಕ್ಕೆ ಹೇಳು, ಹೇಳಿದಷ್ಟು ಕೊಡು, ಮೆಹಂದಿ ಹಾಕಿಸಿಕೋ, ಅಳಿಯಂದಿರು ಒಂದು ಮಧ್ಯಾಹ್ನ ಫೆಲುಕ್ಕಾ ಹಾಯಿದೋಣಿಯಲ್ಲಿ ಸುತ್ತಲಿ. ಆ ದುಡ್ಡು ಸಂಜೆಯೊಳಗೆ ಅದೇ ಊರಿನ ದಿನಸಿ ಅಂಗಡಿಯಲ್ಲಿರುತ್ತದೆ.

ದುಡ್ಡಿನ ವಿಷಯ ಬಂತಲ್ಲ. 2024ರ ಮಾರ್ಚಿನಲ್ಲಿ ಅಲ್ಲಿನ ಪೌಂಡ್ ಒಂದೇ ಏಟಿಗೆ ಕುಸಿಯಿತು; ಡಾಲರಿಗೆ 31ರ ಆಸುಪಾಸು ಇದ್ದದ್ದು 50ರ ಹತ್ತಿರ ಹೋಯಿತು. ನಿಮಗೆ ಎಲ್ಲ ಅಗ್ಗ ಅನ್ನಿಸುತ್ತದೆ, ಅವರಿಗೆ ಎಲ್ಲವೂ ತುಟ್ಟಿಯಾಗಿದೆ. ಚೌಕಾಸಿ ಮಾಡು, ಮಾಡದಿದ್ದರೆ ಅಂಗಡಿಯವನಿಗೇ ಬೇಜಾರು. ಆದರೆ ಕೊನೆಯ ಹತ್ತು ಪೌಂಡಿಗೆ ಜಗಳಕ್ಕೆ ನಿಲ್ಲಬೇಡ, ಅದು ನಮ್ಮ ಇಪ್ಪತ್ತು ರೂಪಾಯಿಯ ಆಸುಪಾಸು ಅಷ್ಟೆ. ಬಕ್ಷೀಸಿಗೆ ಐದು, ಹತ್ತು, ಇಪ್ಪತ್ತರ ನೋಟು ಕೈಯಲ್ಲಿರಲಿ. ಪೆಟ್ಟಿಗೆ ಹೊತ್ತವನಿಗೆ, ಶೌಚಾಲಯ ತೊಳೆಯುವವಳಿಗೆ ಕೊಡುವಾಗ ಗೊಣಗಬೇಡಿ. ಅವರ ಸಂಬಳ ಬಹುತೇಕ ಅದೇ. ಗೋರಿಯೊಳಗಿನ ಕಾವಲುಗಾರ ಹಗ್ಗ ಸರಿಸಿ “ಬಾ, ಒಳಗೆ ತೋರಿಸುತ್ತೇನೆ” ಅಂದರೆ ಮಾತ್ರ ಬೇಡ ಅನ್ನು. ನಮ್ಮ ಉಸಿರಿನ ತೇವವೇ ಗೋರಿಯ ಗೋಡೆಚಿತ್ರಗಳ ಬಣ್ಣಗಳಿಗೆ ಶತ್ರು. ಅದಕ್ಕೇ ಟುಟಾಂಖಾಮನ್ ದೊರೆಯ ಗೋರಿಯ ತದ್ರೂಪವನ್ನು 2014ರಲ್ಲಿ ಅದೇ ಪಶ್ಚಿಮ ದಂಡೆಯಲ್ಲಿ ತೆರೆದಿದ್ದಾರೆ. ನಿಧಾನವಾಗಿ ನಿಂತು ನೋಡಲು ಅದೇ ವಾಸಿ ಅನ್ನುವವಳು ನಾನು.

ಗೈಡು ನಿಮ್ಮನ್ನು ‘ಪಪೈರಸ್ ಸಂಸ್ಥೆ’ (ಪಪೈರಸ್ ಅಂದರೆ ಜೊಂಡಿನ ಕಾಗದ), ‘ಅತ್ತರಿನ ಅರಮನೆ’ ಅಂತೆಲ್ಲ ಕರೆದೊಯ್ಯುತ್ತಾನೆ. ಅವನಿಗೆ ಅಲ್ಲಿ ಕಮಿಷನ್ ಇರುತ್ತದೆ. ಅವನನ್ನು ದೂರಿ ಫಲವಿಲ್ಲ, ಅವನ ದಿನಗೂಲಿ ಅಷ್ಟು ಕಡಿಮೆ ಇಟ್ಟಿರುತ್ತಾರೆ. ಮೊದಲ ದಿನ ಬೆಳಿಗ್ಗೆಯೇ ಮುಖ ನೋಡಿ ಹೇಳಿಬಿಡು: ಅಂಗಡಿ ಬೇಡ, ಅದರ ಬದಲು ಬಕ್ಷೀಸು ಚೆನ್ನಾಗಿ ಕೊಡುತ್ತೇವೆ. ಹೇಳಿದಂತೆ ಕೊಡು. ಬೀದಿಯಲ್ಲಿ ಮಾರುವ ಪಪೈರಸ್ಸಿನಲ್ಲಿ ಬಾಳೆಯ ನಾರಿನದ್ದೂ ಇರುತ್ತದೆ. ಮಡಚಿದರೆ ಬಿರುಕು ಬಿಡುತ್ತದೆ.

ಏನು ಕೊಳ್ಳಬೇಕು ಅಂತ ಕೇಳಿದ್ದೆಯಲ್ಲ. ಕೈರೋದ ಬಾಬ್ ಜುವೈಲಾ ಹೆಬ್ಬಾಗಿಲಿನ ಎದುರು ಖಯಾಮಿಯಾ ಬೀದಿ ಇದೆ, ಡೇರೆ ಹೊಲಿಯುವವರ ಬೀದಿ. ಬಟ್ಟೆಯ ಮೇಲೆ ಬಟ್ಟೆ ಕತ್ತರಿಸಿಟ್ಟು ಕೈಯಿಂದಲೇ ಹೊಲಿಯುತ್ತಾರೆ, ನಮ್ಮ ಕೌದಿಯ ಸಿರಿವಂತ ಅಕ್ಕ ಅನ್ನಬಹುದು. ಹೊಲಿಯುವವರು ಬಹುತೇಕ ಗಂಡಸರು! ಅದೇ ಚಿತ್ತಾರದ ಮುದ್ರಿತ ಬಟ್ಟೆಯೂ ಅಗ್ಗಕ್ಕೆ ಸಿಗುತ್ತದೆ, ತಿರುಗಿಸಿ ಹಿಂಬದಿಯ ಹೊಲಿಗೆ ನೋಡಿ ಕೊಳ್ಳು. ಗೀಝಾದಿಂದ ಸಕ್ಕಾರಾಕ್ಕೆ ಹೋಗುವ ದಾರಿಯಲ್ಲಿ ಹರಾನಿಯಾ ಎಂಬ ಹಳ್ಳಿ ಸಿಗುತ್ತದೆ. ರಾಮ್ಸೆಸ್ ವಿಸ್ಸಾ ವಾಸೆಫ್ ಎಂಬವರು ಅಲ್ಲಿನ ಮಕ್ಕಳ ಕೈಗೆ ಮಗ್ಗ ಕೊಟ್ಟು, ಚಿತ್ರ ಬರೆದುಕೊಳ್ಳದೆ ಮನಸ್ಸಿಗೆ ಬಂದದ್ದನ್ನೇ ನೇಯಲು ಬಿಟ್ಟರು. ಆ ಮಕ್ಕಳು ಬೆಳೆದು ದೊಡ್ಡ ಕಲಾವಿದರಾದರು. ಅಲ್ಲಿನ ಬೆಲೆ ನಮ್ಮಂಥವರಿಗಲ್ಲ, ಆದರೆ ನೋಡದೆ ಬರಬೇಡ. ‘ಹಳೆಯ ಕಾಲದ್ದು’ ಅಂತ ಯಾರಾದರೂ ಗುಟ್ಟಾಗಿ ವಿಗ್ರಹ ತೋರಿಸಿದರೆ ಕೈ ಹಾಕಬೇಡ. ಸುಳ್ಳಾದರೆ ಮೋಸ, ನಿಜವಾದರೆ 1983ರ ಕಾನೂನಿನ ಪ್ರಕಾರ ಜೈಲು.

ಎಡ್ಫುವಿನಲ್ಲಿ ಹಡಗಿನಿಂದ ದೇವಸ್ಥಾನಕ್ಕೆ ಕುದುರೆಗಾಡಿಗಳಿರುತ್ತವೆ. ಕೆಲವು ಕುದುರೆಗಳ ಪಕ್ಕೆಲುಬು ಎಣಿಸಬಹುದು. ಗಾಡಿಯವನನ್ನು ಬೈದು ಪುಣ್ಯ ಕಟ್ಟಿಕೊಳ್ಳುವ ಪ್ರವಾಸಿಗರನ್ನು ಕಂಡರೆ ನನಗಾಗದು, ಅವನ ಮಕ್ಕಳ ಹೊಟ್ಟೆಯೂ ಆ ಕುದುರೆಯ ಮೇಲೇ ನಿಂತಿದೆ. ಗಾಯವಿಲ್ಲದ, ಮೈ ತುಂಬಿಕೊಂಡ ಕುದುರೆ ಇರುವವನನ್ನು ಆರಿಸಿಕೋ, ಚಾಟಿ ಬೇಡ ಅಂತ ಮೊದಲೇ ಹೇಳಿ ನಾಲ್ಕು ಕಾಸು ಹೆಚ್ಚು ಕೊಡು. ಅಂಥದ್ದು ಸಿಗದಿದ್ದರೆ ಆಟೋ ಹತ್ತು.

ಊಟದ ಚಿಂತೆ ನಿನ್ನ ಅಮ್ಮನಿಗೆ ಜಾಸ್ತಿ ಅಂತ ಕೇಳಿದೆ. ಅವಳಿಗೆ ಹೇಳು, ಈಜಿಪ್ಟಿನಲ್ಲಿ ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ. ಅಲೆಕ್ಸಾಂಡ್ರಿಯಾದಲ್ಲಿ ನಮ್ಮ ಕೆಳಗಿನ ಮನೆಯಾಕೆ ಕಾಪ್ಟಿಕ್, ಅಂದರೆ ಈಜಿಪ್ಟಿನ ಹಳೆಯ ಪಂಥದ, ಕ್ರೈಸ್ತಳು. ಅವರಿಗೆ ವರ್ಷದಲ್ಲಿ 200ಕ್ಕೂ ಹೆಚ್ಚು ದಿನ ವ್ರತ, ಮಾಂಸ, ಮೊಟ್ಟೆ, ಹಾಲು, ತುಪ್ಪ ಏನೂ ಇಲ್ಲ. ನೀವು ಹೋಗುವ ಡಿಸೆಂಬರಿನಲ್ಲಿ ಅವರ ಕ್ರಿಸ್‌ಮಸ್ ವ್ರತ ನಡೆದಿರುತ್ತದೆ, ಅವರ ಹಬ್ಬ ಬರುವುದು ಜನವರಿ 7ಕ್ಕೆ. ಹೋಟೆಲಿನಲ್ಲಿ ‘ಸಿಯಾಮಿ’, ಅಂದರೆ ವ್ರತದ, ಅಡುಗೆ ಇದೆಯಾ ಅಂತ ಕೇಳು, ಬಹಳ ಕಡೆ ತಕ್ಷಣ ತಿಳಿಯುತ್ತದೆ. ಈ ವ್ರತದಲ್ಲಿ ಮೀನು ತಿನ್ನುವುದುಂಟು, ಹಾಗಾಗಿ ಮೀನು ಬೇಡ ಅಂತಲೂ ಸೇರಿಸು. ಬರೀ ಮಾಂಸ ಬೇಡ ಅಂದರೆ ಕೋಳಿ ತಂದಿಟ್ಟಾರು, ಅವರ ಲೆಕ್ಕದಲ್ಲಿ ಕೋಳಿ ಮಾಂಸವೇ ಅಲ್ಲ! ಮುಲೂಖಿಯಾ ಸೊಪ್ಪಿನ ಸಾರು ನೋಡಲು ನಮ್ಮ ಬಸಳೆಯ ಹಾಗೆ ಲೋಳೆಲೋಳೆ, ಆದರೆ ಸಾಮಾನ್ಯವಾಗಿ ಕೋಳಿಯ ರಸದಲ್ಲೇ ಕುದಿಸುತ್ತಾರೆ. ಬೀದಿಬದಿಯ ಕೊಶರಿ (ಅನ್ನ, ಬೇಳೆ, ಪಾಸ್ತಾ ಬೆರೆಸಿದ್ದು), ಫೂಲ್ (ಅವರೆಯಂಥ ಕಾಳು ಬೇಯಿಸಿದ್ದು), ತಾಮಿಯಾ (ಅದೇ ಕಾಳಿನ ವಡೆ) ಕಣ್ಣುಮುಚ್ಚಿ ತಿನ್ನು. ಹಡಗಿನ ಬಫೆಗಿಂತ ಅದೇ ರುಚಿ.

ಬಟ್ಟೆಗೆ ದೊಡ್ಡ ಶಾಸ್ತ್ರವೇನಿಲ್ಲ. ಭುಜ, ಮಂಡಿ ಮುಚ್ಚಿದರೆ ಸಾಕು, ನಿನ್ನ ಚೂಡಿದಾರವೇ ಅಲ್ಲಿಗೆ ಹೇಳಿ ಮಾಡಿಸಿದ ಬಟ್ಟೆ. ಮಸೀದಿಗೆ ಹೋಗುವಾಗ ದುಪಟ್ಟಾ ತಲೆಗೆ, ಚಪ್ಪಲಿ ಕೈಗೆ. ಶುಕ್ರವಾರ ಮಧ್ಯಾಹ್ನ ಪ್ರಾರ್ಥನೆಯ ಹೊತ್ತಿಗೆ ಆ ಕಡೆ ಹೋಗಬೇಡಿ. ಕೈರೋ ಮೆಟ್ರೊದಲ್ಲಿ ಹೆಂಗಸರ ಬೋಗಿ ಬೇರೆ ಇದೆ, ಅದನ್ನೇ ಹತ್ತು. ಬೀದಿಯಲ್ಲಿ ಪೋಲಿಗಳು ಕಾಡಿಸುವುದುಂಟು, ಸುಳ್ಳು ಹೇಳುವುದಿಲ್ಲ. ನಗಬೇಡ, ಉತ್ತರ ಕೊಡಬೇಡ, ತೀರಾ ಅತಿಯಾದರೆ ಹತ್ತಿರದ ಅಂಗಡಿಯ ಹಿರಿಯರ ಬಳಿ ಹೋಗಿ ನಿಲ್ಲು, ಅವರೇ ಗದರಿಸಿ ಓಡಿಸುತ್ತಾರೆ. ಇಂಡಿಯಾದವರು ಅಂತ ತಿಳಿದೊಡನೆ “ಅಮಿತಾಭ್ ಬಚ್ಚನ್!” ಅಂತ ಕೂಗುವವರು ಬೇರೆ, ಅವರಿಗೆ ಧಾರಾಳವಾಗಿ ನಗು.

ಅಳಿಯಂದಿರ ಕ್ಯಾಮೆರಾ ಬಗ್ಗೆ ಕೊನೆಯ ಮಾತು. ಬೀದಿಯಲ್ಲಿ ಸ್ವಂತಕ್ಕೆ ಫೋಟೊ ತೆಗೆಯಲು 2022ರಿಂದ ಪರವಾನಗಿ ಬೇಡ. ಆದರೆ ಮಕ್ಕಳ ಫೋಟೊ ಕೂಡದು, ದೊಡ್ಡವರದ್ದಾದರೆ ಬರಹದ ಒಪ್ಪಿಗೆ ಬೇಕು ಅನ್ನುತ್ತದೆ ನಿಯಮ. ಹೆಂಗಸರತ್ತ ಲೆನ್ಸು ತಿರುಗಿಸಲೇಬಾರದು, ಸೈನಿಕರು, ಸೇತುವೆಗಳ ತಂಟೆಗೂ ಹೋಗಬಾರದು. ಹೋದ ತಿಂಗಳು ನಮ್ಮ ತೋಟದ ಮೇಲೆ ಹಾರಿಸಿದರಲ್ಲ, ಆ ಡ್ರೋನನ್ನು ಬೆಂಗಳೂರಿನಲ್ಲೇ ಬಿಟ್ಟು ಹೊರಡಲಿ. ಕೈರೋ ವಿಮಾನ ನಿಲ್ದಾಣದಲ್ಲಿ ಕಿತ್ತಿಟ್ಟುಕೊಂಡರೆ ಬಿಡಿಸಿಕೊಳ್ಳಲು ನನ್ನ ಅರಬ್ಬಿ ಸಾಲದು.

ಏಜೆಂಟಿನ ಹತ್ತಿರ ಆ ಎರಡು ರಾತ್ರಿಯ ವಿಷಯ ನಾಳೆಯೇ ಮಾತಾಡು. ಡಿಸೆಂಬರಿನಲ್ಲಿ ಅಲ್ಲಿ ಜನಜಂಗುಳಿ, ತಡ ಮಾಡಿದರೆ ಕೋಣೆ ಸಿಗುವುದಿಲ್ಲ.

ನಿನ್ನ ಅತ್ತೆ