ಬೀಗದ ಕೈ ನನ್ನ ಹತ್ತಿರ ಇತ್ತು: ಮಗಳಿಗೊಂದು ಪತ್ರ

ಕಲಬುರಗಿ
ಭಾನುವಾರ, ಮಧ್ಯಾಹ್ನ

ಅವ್ವಾ,

ಯೇಸುವಿಗೆ ಸ್ತೋತ್ರ. ನಾವಿಬ್ಬರೂ ಆರಾಮಿದ್ದೇವೆ. ಬಿಸಿಲಿನ ಕಥೆ ಮಾತ್ರ ಕೇಳಬೇಡ. ಅಮ್ಮ ಹನ್ನೊಂದಕ್ಕೇ ಕಿಟಕಿಗೆ ಒದ್ದೆ ಚಾದರ ಕಟ್ಟಿದ್ದಾಳೆ.

ಹೋದ ವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಹೂಂ ಹೂಂ ಎಂದು ಜಾರಿಕೊಂಡೆ. "ಅಪ್ಪಾ, ಕೊರೋನಾ ಟೈಮಲ್ಲಿ ತಿಂಗಳುಗಟ್ಟಲೆ ಚರ್ಚಿಗೆ ಹೋಗಲಿಲ್ಲ, ಮೊಬೈಲ್‌ನಲ್ಲೇ ಪೂಜೆ ನೋಡಿದ್ವಿ. ನಮ್ಮ ವಿಶ್ವಾಸ ಏನೂ ಹಾಳಾಗಲಿಲ್ಲ. ಈಗ ಪ್ರತಿ ಭಾನುವಾರ ಎರಡು ಬಸ್ ಬದಲಿಸಿ ಯಾಕೆ ಹೋಗಬೇಕು?" ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಅಮ್ಮ ಪಕ್ಕದಲ್ಲೇ ಮೆಂತ್ಯ ಸೋಸುತ್ತ ಕೂತಿದ್ದಳು. ಉತ್ತರ ಕೊಡಬೇಕೆಂದರೆ ನಾನು ಮಾಡಿದ ಒಂದು ಹುಚ್ಚಾಟವನ್ನೂ ಹೇಳಬೇಕಾಗುತ್ತದೆ. ಅವಳು ಇವತ್ತಿಗೂ ಅದಕ್ಕೆ ನನ್ನನ್ನು ಬೈಯುತ್ತಾಳೆ. ಈಗ ಮಲಗಿದ್ದಾಳೆ, ಬರೆಯುತ್ತೇನೆ.

ನಿನಗೆ ಆಗ ಎಸ್ಸೆಸ್ಸೆಲ್ಸಿ. ಪರೀಕ್ಷೆ ಮುಂದಕ್ಕೆ ಹೋಗಿ ಹೋಗಿ ಕೊನೆಗೆ ಜೂನ್ 25ಕ್ಕೆ ಶುರುವಾಯಿತಲ್ಲ, ಬಹುಶಃ ನಿನಗೆ ಆ ವರ್ಷದ್ದು ಅದೊಂದೇ ನೆನಪು. ನನಗೆ ನೆನಪಿರುವುದು 2020ರ ಮಾರ್ಚ್. 10ನೇ ತಾರೀಖು ನಮ್ಮ ಊರಿನ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಎರಡು ದಿನ ಬಿಟ್ಟು ವರದಿ ಬಂತು. ದೇಶದಲ್ಲೇ ಕೊರೋನಾದ ಮೊದಲ ಸಾವು ನಮ್ಮ ಕಲಬುರಗಿಯದು ಎಂದು ಟಿವಿಯಲ್ಲಿ ಹಗಲು ರಾತ್ರಿ ಊರಿನ ಹೆಸರು ಓಡತೊಡಗಿತು. ಶರಣಬಸವೇಶ್ವರರ ಜಾತ್ರೆಯ ಹೊತ್ತು ಅದು. ಹಳ್ಳಿ ಹಳ್ಳಿಯಿಂದ ಜನ ಬರುವ ತೇರಿಗೆ ಆ ವರ್ಷ ಗುಂಪು ಸೇರಬೇಡಿ ಎಂದರು. ದರ್ಗಾ ಬಾಗಿಲೂ ಹಾಕಿತು. ನಮಗೆ ಈಸ್ಟರ್‌ಗೆ ಮುಂಚಿನ ಉಪವಾಸದ ತಪಸ್ಸುಕಾಲ ಅರ್ಧ ಮುಗಿದಿತ್ತು. ಫಾದರ್ ನನ್ನನ್ನು ಕರೆದು, "ಇನ್ನು ಮೇಲೆ ಜನ ಇಲ್ಲದ ಪೂಜೆ. ನೀವು ಮಾತ್ರ ಬನ್ನಿ" ಎಂದರು.

ನಿಮ್ಮಪ್ಪ ಆಫೀಸಿನಲ್ಲಿ ಗುಮಾಸ್ತ, ಚರ್ಚಿನಲ್ಲಿ ಗಂಟೆ ಬಾರಿಸುವವ. ಪೂಜೆಯ ಬಟ್ಟೆ, ಪಾತ್ರೆ, ಮೇಣದಬತ್ತಿ, ದ್ರಾಕ್ಷಾರಸದ ಬಾಟಲಿ, ಎಲ್ಲ ನನ್ನ ಉಸ್ತುವಾರಿ. ಬೀಗದ ಕೈ ನನ್ನ ಹತ್ತಿರ. ಹಾಗಾಗಿ ಊರಿಗೆಲ್ಲ ಮುಚ್ಚಿದ ಬಾಗಿಲು ನನಗೊಬ್ಬನಿಗೆ ತೆರೆದಿತ್ತು. ಫಾದರ್, ಒಬ್ಬರು ಸಿಸ್ಟರ್, ಮೊಬೈಲ್ ಹಿಡಿಯುವ ಒಬ್ಬ ಹುಡುಗ, ನಾನು. ನಾಲ್ಕೇ ಜನ. ದಿನಾ ಪೂಜೆ, ದಿನಾ ಪರಮಪ್ರಸಾದ, ಯೇಸುವೇ ರೊಟ್ಟಿಯ ರೂಪದಲ್ಲಿ ಕೈಗೆ ಬರುವ ಭಾಗ್ಯ. ಮೊದಲ ವಾರ ನನಗೆ ಸ್ವಲ್ಪ ಹೆಮ್ಮೆಯೇ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಮನೆಯಲ್ಲಿ ಅಮ್ಮ ಮೊಬೈಲನ್ನು ಇಸ್ತ್ರಿ ಪೆಟ್ಟಿಗೆಗೆ ಒರಗಿಸಿ, ಮುಂದೆ ದೀಪ ಹಚ್ಚಿ, ತಲೆ ಮೇಲೆ ಸೆರಗು ಹೊದ್ದು ಕೂರುತ್ತಿದ್ದಳು. ಎದ್ದು ನಿಲ್ಲುವ ಕಡೆ ಎದ್ದು ನಿಲ್ಲುತ್ತಿದ್ದಳು, ಮೊಣಕಾಲೂರುವ ಕಡೆ ಊರುತ್ತಿದ್ದಳು. ನೀನು ಮಂಚದ ಮೇಲೇ ಕೂತು ಉತ್ತರ ಹೇಳುತ್ತಿದ್ದೆಯಂತೆ, ಅದೂ ನನಗೆ ಗೊತ್ತು! ಪ್ರಸಾದದ ಹೊತ್ತಿಗೆ ಫಾದರ್ ಆಧ್ಯಾತ್ಮಿಕ ಪರಮಪ್ರಸಾದದ ಪ್ರಾರ್ಥನೆ ಓದಿಸುತ್ತಿದ್ದರು. ಸಂತ ಅಲ್ಫೋನ್ಸ್ ಲಿಗೋರಿ ಬರೆದದ್ದು. ಈಗ ನಿನ್ನನ್ನು ಪ್ರಸಾದದಲ್ಲಿ ಸ್ವೀಕರಿಸಲು ಆಗುತ್ತಿಲ್ಲ, ಹಾಗಾಗಿ ನನ್ನ ಮನಸ್ಸಿನೊಳಗಾದರೂ ಬಾ ಎಂದು ಪ್ರಭುವನ್ನು ಕರೆಯುವ ಪ್ರಾರ್ಥನೆ ಅದು. ಒಳ್ಳೆಯ ಪ್ರಾರ್ಥನೆ. ಅಮ್ಮ ಅದನ್ನು ಬಾಯಿಪಾಠ ಮಾಡಿಕೊಂಡಳು. ಆದರೂ ಒಂದು ದಿನ ರೊಟ್ಟಿ ಬಡಿಯುತ್ತ ಅಂದಳು, "ಉಂಬೋರ ಫೋಟೋ ತೋರ್ಸಿ ಕೈ ತೊಳ್ಕೊಳ್ರಿ ಅಂದಂಗ ಆಗ್ಯಾದ್ರಿ." ನಾನು ನಕ್ಕೆ. ಅವಳು ನಗಲಿಲ್ಲ.

ಫಾದರ್ ಮುಂದೆ ತಪ್ಪು ಒಪ್ಪಿಕೊಳ್ಳುವ ಪಾಪನಿವೇದನೆಯದೂ ಅವಳಿಗೆ ಚಿಂತೆ. ಮಾರ್ಚ್ 20ರಂದು ಪೋಪ್ ಫ್ರಾನ್ಸಿಸ್ ತಮ್ಮ ಪ್ರಬೋಧನೆಯಲ್ಲಿ, ಗುರು ಸಿಗದಿದ್ದರೆ ನೇರವಾಗಿ ದೇವರ ಹತ್ತಿರ ಮಾತಾಡಿ, ನಿಜವಾಗಿ ಪಶ್ಚಾತ್ತಾಪ ಪಡಿ, ಆಮೇಲೆ ಗುರುವಿನ ಬಳಿ ನಿವೇದಿಸುತ್ತೇನೆಂದು ಮಾತು ಕೊಡಿ ಎಂದಿದ್ದರು. ಧರ್ಮೋಪದೇಶದ ಪುಸ್ತಕದಲ್ಲಿ ಮೊದಲಿಂದಲೂ ಇರುವ ಮಾತೇ. ಇದನ್ನು ಹೇಳಿದ ಮೇಲೆ ಅಮ್ಮ ಕ್ಯಾಲೆಂಡರಿನ ಹಿಂದೆ ಏನೋ ಬರೆದಿಡತೊಡಗಿದಳು. ಮರೆಯಬಾರದಂತೆ. ಪಟ್ಟಿಯಲ್ಲಿ ನನ್ನ ಹೆಸರೇ ಜಾಸ್ತಿ ಇತ್ತು ಎಂದು ನನ್ನ ಗುಮಾನಿ.

ಮಾರ್ಚ್ 27ರ ರಾತ್ರಿ ಮೂವರೂ ಕೂತು ನೋಡಿದ್ದೆವಲ್ಲ, ನೆನಪಿದೆಯಾ? ರೋಮಿನಲ್ಲಿ ಸಂಜೆ ಆರು, ನಮಗೆ ಹತ್ತೂವರೆ. ಮಳೆ ಸುರಿಯುತ್ತಿತ್ತು. ಸಂತ ಪೇತ್ರರ ಚೌಕ ಪೂರ್ತಿ ಖಾಲಿ. ಬಿಳಿ ಬಟ್ಟೆಯ ಮುದುಕರೊಬ್ಬರು, ಪೋಪ್ ಫ್ರಾನ್ಸಿಸ್, ಕುಂಟುತ್ತ ನಡೆದು ಬಂದರು. 1522ರಲ್ಲಿ ರೋಮಿಗೆ ಪ್ಲೇಗ್ ಬಂದಾಗ ಬೀದಿಯಲ್ಲಿ ಮೆರವಣಿಗೆ ಹೊತ್ತ ಶಿಲುಬೆಯನ್ನು ತಂದು ಮಳೆಯಲ್ಲೇ ನಿಲ್ಲಿಸಿದ್ದರು. ದೋಣಿಯಲ್ಲಿ ಯೇಸು ಮಲಗಿರುವಾಗ ಬಿರುಗಾಳಿ ಬಂದ ಮಾರ್ಕನ ಶುಭಸಂದೇಶ ಓದಿದರು. ನೀನು "ಅಜ್ಜನಿಗೆ ಯಾರಾದರೂ ಕೊಡೆ ಹಿಡೀರಿ" ಎಂದಿದ್ದೆ. 2025ರಲ್ಲಿ ಅವರು ಪಾಸ್ಕ (ಈಸ್ಟರ್) ಹಬ್ಬದ ಮರುದಿನ ತೀರಿಕೊಂಡಾಗ ನನಗೆ ಮೊದಲು ನೆನಪಾದದ್ದು ನಿನ್ನ ಆ ಮಾತು.

ಆಮೇಲೆ ಪವಿತ್ರ ವಾರ. ಗರಿಗಳ ಭಾನುವಾರ ಏಪ್ರಿಲ್ 5. ಜನರಿಗೆ ಗರಿ ಇಲ್ಲ. ನಮ್ಮ ಮನೆಯ ಶಿಲುಬೆಯ ಹಿಂದೆ ಹಿಂದಿನ ವರ್ಷದ ಈಚಲ ಗರಿ ಒಣಗಿ ಸಿಕ್ಕಿಸಿದ್ದು ಹಾಗೇ ಉಳಿಯಿತು. ರೋಮಿನಿಂದ ಬಂದ ಸೂಚನೆಗಳನ್ನು ಫಾದರ್ ಓದಿ ಹೇಳಿದರು. ನಾನು ಗುಮಾಸ್ತನಲ್ವಾ, ಪಟ್ಟಿ ಮಾಡಿಕೊಂಡೆ. ಗುರುವಾರ ಪಾದ ತೊಳೆಯುವುದಿಲ್ಲ. ಶುಕ್ರವಾರ ಶಿಲುಬೆಗೆ ಮುತ್ತಿಡುವುದು ಗುರು ಒಬ್ಬರೇ. ಪಾಸ್ಕ ಜಾಗರಣೆಗೆ ಹೊರಗೆ ಬೆಂಕಿ ಹಾಕುವ ಹಾಗಿಲ್ಲ, ಮೆರವಣಿಗೆ ಇಲ್ಲ, ಬತ್ತಿ ಹಚ್ಚಿ ನೇರ ಪಾಸ್ಕ ಘೋಷಣೆ.

ಶುಭ ಶುಕ್ರವಾರ ನಾನು ಮನೆಗೆ ಬಂದಾಗ ಅಮ್ಮ ಗೋಡೆಯ ಶಿಲುಬೆ ಇಳಿಸಿ, ತೊಳೆದು, ಮಣೆಯ ಮೇಲೆ ಬಿಳಿ ಪಂಚೆ ಹಾಸಿ ಮಲಗಿಸಿದ್ದಳು. ನೀವಿಬ್ಬರೂ ಮುತ್ತಿಟ್ಟಾಗಿತ್ತು. ಮುದಗಲ್‌ನ ಅವಳ ತವರಿನಲ್ಲಿ ಹೀಗೇ ಮಾಡುತ್ತಿದ್ದರಂತೆ. ಅಲ್ಲಿ ಆದಿಲ್ ಶಾಹಿಗಳ ಕಾಲದಿಂದಲೂ ನಮ್ಮವರಿದ್ದಾರೆ, ಗೊತ್ತಲ್ಲ. ಅವಳ ಅಜ್ಜಿಗೆ ಓದು ಬರುತ್ತಿರಲಿಲ್ಲ. ಗದ್ದೆ ಕೆಲಸಕ್ಕೆ ವಾರಗಟ್ಟಲೆ ಹಳ್ಳಿಯಲ್ಲಿ ಉಳಿದಾಗ ಗುರುವೂ ಇಲ್ಲ, ಗುಡಿಯೂ ಇಲ್ಲ. ಬೆರಳು ಮಡಚಿ ನಮೋ ಮರಿಯಾ ಎಣಿಸುತ್ತಿದ್ದಳಂತೆ. ಪೂಜೆ ಇಲ್ಲದೆ ವಿಶ್ವಾಸ ಉಳಿಯುತ್ತದೆ ಎಂದು ನೀನು ಹೇಳುವುದು ನಿಜವೇ. ಜಪಾನಿನಲ್ಲಿ ಇನ್ನೂರು ವರ್ಷಕ್ಕೂ ಜಾಸ್ತಿ ಗುರುಗಳೇ ಇರಲಿಲ್ಲ. ಹಿಂಸೆಗೆ ಹೆದರಿ ಜನ ಬಚ್ಚಿಟ್ಟುಕೊಂಡು ಮಕ್ಕಳಿಗೆ ದೀಕ್ಷಾಸ್ನಾನ ಕೊಟ್ಟು ಪ್ರಾರ್ಥನೆ ಕಲಿಸಿದರು. ಆದರೆ 1865ರ ಮಾರ್ಚ್‌ನಲ್ಲಿ ನಾಗಾಸಾಕಿಯಲ್ಲಿ ಹೊಸ ಚರ್ಚ್ ಎದ್ದಿದೆ ಎಂದು ಗೊತ್ತಾದ ಕೂಡಲೇ ಹುಡುಕಿಕೊಂಡು ಬಂದು ಬಾಗಿಲಲ್ಲಿ ನಿಂತರು. ಇಷ್ಟು ತಲೆಮಾರು ನಡೆಸಿದ್ದೇವೆ, ಇನ್ನು ಯಾಕೆ ಬೇಕು ಎನ್ನಲಿಲ್ಲ. ಇದನ್ನು ಫಾದರ್ ಆ ದಿನಗಳಲ್ಲೇ ಹೇಳಿದ್ದು. ನಿನ್ನ ಮೊಬೈಲ್‌ನಲ್ಲಿ ಆಗ ನೆಟ್‌ವರ್ಕ್ ಇರಲಿಲ್ಲವೇನೋ.

ಈಗ ಹುಚ್ಚಾಟದ ವಿಷಯ.

ಪಾಸ್ಕ ಜಾಗರಣೆ, ಏಪ್ರಿಲ್ 11ರ ರಾತ್ರಿ. ಹೊಸ ಪಾಸ್ಕ ಬತ್ತಿ ತರಿಸಲು ಆಗಿರಲಿಲ್ಲ, ಸಾಗಾಟವೇ ನಿಂತಿತ್ತು. ಹಳೆಯ ಬತ್ತಿಯ ಮೇಲಿನ 2019ರಲ್ಲಿ ಕೊನೆಯ ಎರಡು ಅಂಕಿ ಕೆರೆದು, ಕೆಂಪು ಬಣ್ಣದಲ್ಲಿ 20 ಎಂದು ನಾನೇ ಬರೆದೆ. ಸರ್ಕಾರಿ ಕಾಗದದಲ್ಲಿ ಹಾಗೆ ತಿದ್ದಿದ್ದರೆ ಮೆಮೋ ಸಿಗುತ್ತಿತ್ತು. ಬೆಂಕಿಕಡ್ಡಿಯಿಂದ ಹಚ್ಚಿದೆವು. ಪ್ರತಿ ವರ್ಷ ಆ ಹೊತ್ತಿಗೆ ಕತ್ತಲಲ್ಲಿ ಒಬ್ಬರಿಂದ ಒಬ್ಬರಿಗೆ ದೀಪ ದಾಟುತ್ತ ಇಡೀ ಚರ್ಚ್ ಬೆಳಗುತ್ತದೆ. ಮಕ್ಕಳು ಮೇಣ ಸುರಿಸಿಕೊಂಡು ಅಳುತ್ತವೆ, ಯಾರದೋ ಸೆರಗಿಗೆ ಕಿಡಿ ತಾಗುವ ಭಯ, ಹಿಂದೆ ಕೆಮ್ಮು. ಆ ರಾತ್ರಿ ಒಂದೇ ಬತ್ತಿ. ಬೆಂಚುಗಳು ಸುಮ್ಮನೆ ಸಾಲಾಗಿ ನಿಂತಿದ್ದವು. ಅಮ್ಮನ ಜಾಗ, ಎಡಗಡೆ ಮೂರನೇ ಬೆಂಚಿನ ತುದಿ, ಫ್ಯಾನಿನ ಕೆಳಗೆ, ಅಲ್ಲಿ ಧೂಳು ಕೂತಿತ್ತು. ಸಂಜೆ ಒರೆಸಿದ್ದೆ. ಆದರೂ ಕೂತಿತ್ತು.

ಮಹಿಮಾ ಗೀತೆಗೆ ಗಂಟೆ ಬಾರಿಸಬೇಕಲ್ಲ. ಗುರುವಾರದಿಂದ ಕಟ್ಟಿಟ್ಟ ಗಂಟೆ. ಊರು ಅಷ್ಟು ನಿಶ್ಶಬ್ದವಾಗಿದ್ದನ್ನು ನಾನು ಕಂಡಿಲ್ಲ, ಹಗ್ಗ ಎಳೆಯಲು ಹೆದರಿಕೆ ಆಯಿತು. ಎಳೆದೆ. ಪೂಜೆ ಮುಗಿದ ಮೇಲೆ ನೋಡಿದರೆ ಪಕ್ಕದ ಗಲ್ಲಿಯ ಹುಡುಗನ ಮಿಸ್ ಕಾಲ್ ಇತ್ತು. ನೀನು ಟ್ಯೂಷನ್‌ಗೆ ಹೋಗುತ್ತಿದ್ದೆಯಲ್ಲ, ಅವರ ಅಣ್ಣ. ಫೋನ್ ಮಾಡಿದರೆ, "ಕಾಕಾ, ಇಷ್ಟೊತ್ತಿನಾಗ ಗಂಟಿ ಬಾರ್ಸಿದ್ರಿ, ಎಲ್ಲಾ ಖೈರಿಯತ್ ಅದಲಾ?" ಎಂದ. ಪಾಸ್ಕ ಹಬ್ಬ ಕಣಪ್ಪ ಎಂದೆ. "ಹಂಗಾದ್ರ ಛಲೋ ಆಯ್ತು, ಮುಬಾರಕ್" ಎಂದ. ಎರಡು ವಾರ ಕಳೆದರೆ ಅವರಿಗೆ ರಂಜಾನ್, ಅದೂ ಮನೆಯೊಳಗೆ.

ಪ್ರಸಾದದ ಹೊತ್ತು ಬಂತು. ಫಾದರ್ ನನ್ನ ಮುಂದೆ ಬಂದು ನಿಂತರು. ನಾನು ಕೈ ಚಾಚಲಿಲ್ಲ. ತಲೆ ತಗ್ಗಿಸಿ ಎದೆ ಮೇಲೆ ಕೈಕಟ್ಟಿ ನಿಂತೆ. ಅವರು ಒಂದು ಗಳಿಗೆ ನೋಡಿ, ಆಶೀರ್ವದಿಸಿ ಮುಂದೆ ಹೋದರು. ಆಮೇಲೆ ಪಾತ್ರೆ ಎತ್ತಿಡುವಾಗ, "ಉಪವಾಸಕ್ಕೆ ನಿನ್ನೆ ಶುಕ್ರವಾರ ಇತ್ತಲ್ಲ, ಪಾಸ್ಕದ ರಾತ್ರಿ ಯಾಕೆ?" ಎಂದು ಮಾತ್ರ ಕೇಳಿದರು. ನಾನು ಬಾಯಿ ಬಿಡಲಿಲ್ಲ. ನನ್ನ ಲೆಕ್ಕ ಇದು. ಹೆಂಡತಿಗೆ ಸಿಗದ್ದು ನನಗೂ ಬೇಡ. ಅವಳು ಯಾವತ್ತು ತೆಗೆದುಕೊಳ್ಳುತ್ತಾಳೋ ಅವತ್ತು ನಾನೂ. ಧರ್ಮಸಭೆಯ ಕಾನೂನಿನ 920ನೇ ನಿಯಮ ವರ್ಷಕ್ಕೊಮ್ಮೆ, ಪಾಸ್ಕ ಕಾಲದಲ್ಲಿ, ಪರಮಪ್ರಸಾದ ಸ್ವೀಕರಿಸಲೇಬೇಕು ಎನ್ನುತ್ತದೆ. ತಕ್ಕ ಕಾರಣವಿದ್ದರೆ ವರ್ಷದ ಬೇರೆ ಹೊತ್ತಿನಲ್ಲೂ ಆಗುತ್ತದೆ ಎಂದು ಅಲ್ಲೇ ಇದೆ. ನಿಯಮದ ನಂಬರ್ ನೋಡಿಯೇ ಹೊರಟಿದ್ದೆ ನಾನು.

ದಾರಿಯಲ್ಲಿ ಪೊಲೀಸರು ನಿಲ್ಲಿಸಿದರು. ಬೀಗದ ಕೈ ಗೊಂಚಲು ತೋರಿಸಿ ಬಿಡಿಸಿಕೊಂಡು ಮನೆಗೆ ಬಂದಾಗ ಹನ್ನೊಂದು ದಾಟಿತ್ತು. ನೀನು ಮಲಗಿದ್ದೆ. ಅಮ್ಮ ಕಿಟಕಿಯಲ್ಲಿ ಬತ್ತಿ ಹಚ್ಚಿಟ್ಟು ಕಾಯುತ್ತಿದ್ದಳು. ಘೋಷಣೆಯ ನಡುವೆ ನೆಟ್‌ವರ್ಕ್ ಹೋಗಿ ಗುಂಡಗೆ ತಿರುಗುತ್ತಲೇ ಇತ್ತಂತೆ, ಪ್ರಸಾದದ ಭಾಗ ಬರಲೇ ಇಲ್ಲವಂತೆ. "ತಗೊಂಡ್ರಿಲ್ಲ?" ಎಂದು ಕೇಳಿದಳು. ಇಲ್ಲ ಎಂದೆ. ನಿನ್ನ ಸಲುವಾಗಿ ಬಿಟ್ಟೆ ಎಂದೆ. ಅವಳಿಗೆ ಖುಷಿಯಾಗುತ್ತದೆ, ಕಣ್ಣು ತುಂಬುತ್ತದೆ ಎಂದೆಲ್ಲ ನಾನು ಅಂದುಕೊಂಡಿದ್ದೆ. ನಿಮ್ಮಮ್ಮ ಕೈಯಲ್ಲಿದ್ದ ನೀರಿನ ತಂಬಿಗೆ ಕುಕ್ಕಿ ಇಟ್ಟಳು.

"ನಮ್ಮ ಮನಿಯಿಂದ ಒಬ್ರು ಉಂಡು ಬರ್ತಾರ ಅಂತ ನಾ ಇಷ್ಟು ದಿನ ಸಮಾಧಾನ ಮಾಡ್ಕೊಂಡಿದ್ದೆ. ಇವತ್ತು ಯಾರೂ ಉಣ್ಲಿಲ್ಲ ಅಂದಂಗಾಯ್ತು. ನೀವು ಹಸ್ಕೊಂಡು ಕುಂತ್ರ ನನ್ನ ಹೊಟ್ಟಿ ತುಂಬ್ತದೇನು? ಊರ ಮಂದಿ ಪಾಲಿಂದು ಅಲ್ಲಿ ನಿಂತು ಬೇಡ ಅಂದು ಬಂದೀರಿ."

ಅಷ್ಟೇ. ಹೋಗಿ ಮಲಗಿದಳು. ನಾನು ಕಿಟಕಿಯ ಬತ್ತಿ ಕರಗುವುದನ್ನು ನೋಡುತ್ತ ಬಹಳ ಹೊತ್ತು ಕೂತಿದ್ದೆ. ತಿಂಗಳಿಡೀ ನಾನು ಒಬ್ಬನೇ ಉಣ್ಣುತ್ತಿದ್ದೇನೆ ಎಂದುಕೊಂಡಿದ್ದೆ. ಅವಳ ಲೆಕ್ಕ ಬೇರೆ ಇತ್ತು. ಮರುದಿನ ಬೆಳಗಿನ ಪೂಜೆಗೆ ಫಾದರ್ ಎದುರು ಕೈ ಚಾಚಿದೆ. ಅವರು ಏನೂ ಕೇಳಲಿಲ್ಲ, ಸ್ವಲ್ಪ ನಕ್ಕ ಹಾಗೆ ಕಂಡಿತು.

ಪ್ರಾರ್ಥನೆಯ ಜಾಗಗಳನ್ನು ಜೂನ್ 8ರಿಂದ ತೆರೆಯಬಹುದು ಎಂದರು. ತೀರ್ಥ ಚಿಮುಕಿಸುವ ಹಾಗಿಲ್ಲ, ಪ್ರಸಾದ ಹಂಚುವ ಹಾಗಿಲ್ಲ, ಗಾನವೃಂದ ಇಲ್ಲ, 65 ದಾಟಿದವರು, ಬೇರೆ ಕಾಯಿಲೆ ಇದ್ದವರು ಮನೆಯಲ್ಲೇ ಇರಬೇಕು. ಅಮ್ಮನಿಗೆ ಸಕ್ಕರೆ ಕಾಯಿಲೆ. ಹಾಗಾಗಿ ಅವಳ ಸರದಿ ಬಂದದ್ದು ಆಗಸ್ಟ್ 15ಕ್ಕೆ, ಮಾತೆಯ ಹಬ್ಬದ ದಿನ. ಐದು ತಿಂಗಳು. ಮಾಸ್ಕ್ ಹಾಕಿದ ಜನ ಸುಣ್ಣದ ಗುಂಡು ಗುರುತಿನ ಮೇಲೆ ದೂರ ದೂರ ನಿಂತಿದ್ದರು. ಅಮ್ಮ ಹುಟ್ಟಿದಾಗಿನಿಂದ ನಾಲಿಗೆಯ ಮೇಲೆ ಪ್ರಸಾದ ತೆಗೆದುಕೊಂಡವಳು. ಅವತ್ತು ಕೈಯಲ್ಲೇ ಕೊಡುವುದು ಎಂದಿದ್ದರು. ಹಿಂದಿನ ರಾತ್ರಿ ಪಪ್ಪಡದ ತುಂಡು ಹಿಡಿದು ನನ್ನ ಎದುರು ಅಭ್ಯಾಸ ಮಾಡಿದ್ದಳು, ಎಡಗೈ ಮೇಲೆ, ಬಲಗೈ ಕೆಳಗೆ. ನಾನು ತಟ್ಟೆ ಹಿಡಿದು ಫಾದರ್ ಪಕ್ಕದಲ್ಲಿ ನಿಂತಿದ್ದೆ. ಅವಳ ಕೈ ನಡುಗುತ್ತಿತ್ತು. ರೊಟ್ಟಿ ಬಡಿದು ದಪ್ಪಗಾದ ಅಂಗೈ ಮೇಲೆ ಆ ಬಿಳಿ ತುಂಡು ಎಷ್ಟು ಸಣ್ಣದಾಗಿ ಕಂಡಿತು ಗೊತ್ತಾ. ಬಾಯಿಗೆ ಹಾಕಿಕೊಂಡು, ಅಂಗೈಯಲ್ಲಿ ಚೂರು ಉಳಿದಿದೆಯೋ ಎಂದು ನೋಡಿ, ನಾಲಿಗೆಯಿಂದ ಒರೆಸಿಕೊಂಡಳು. ಹೋಗಿ ತನ್ನ ಜಾಗದಲ್ಲಿ, ಮೂರನೇ ಬೆಂಚಿನ ತುದಿಯಲ್ಲಿ, ಕೂತಳು. ಪೂಜೆ ಮುಗಿದು ನಾನು ಬತ್ತಿ ಆರಿಸಿ, ಬಟ್ಟೆ ಮಡಚಿ, ಕಿಟಕಿ ಹಾಕಿ ಬಂದರೂ ಎದ್ದಿರಲಿಲ್ಲ. ಬೀಗ ಹಾಕಬೇಕು ಏಳು ಎಂದೆ. "ಹಾಕ್ರಿ, ನಾ ಒಳಗೇ ಇರ್ತೀನಿ" ಎಂದಳು.

ನಿನ್ನ ಹತ್ತಿರದ ಚರ್ಚಿನಲ್ಲಿ ಕನ್ನಡ ಪೂಜೆ ಬೆಳಗ್ಗೆ ಆರಕ್ಕೆ, ನಿನಗೆ ಏಳಲು ಆಗುವುದಿಲ್ಲ, ಗೊತ್ತು. ಸಂಜೆಯದು ಇಂಗ್ಲಿಷಾದರೂ ಪರವಾಗಿಲ್ಲ. ಎರಡು ಬಸ್ ಕಷ್ಟವೇ, ಇಲ್ಲ ಎನ್ನುವುದಿಲ್ಲ. ಆಟೋಗೆ ಅಂತ ತಿಂಗಳಿಗೆ ಇನ್ನೂರು ಜಾಸ್ತಿ ಹಾಕುತ್ತೇನೆ, ಅಮ್ಮನಿಗೆ ಹೇಳಬೇಡ.

ಶೇಂಗಾ ಹಿಂಡಿ, ಒಣ ಪುಂಡಿಪಲ್ಯ, ಖಡಕ್ ರೊಟ್ಟಿ ಕಟ್ಟಿಟ್ಟಿದ್ದಾಳೆ. ಬುಧವಾರದ ಬಸ್ಸಿಗೆ ಹಾಕುತ್ತೇನೆ, ಬೆಳಗ್ಗೆ ಹೋಗಿ ಇಳಿಸಿಕೋ. ರೊಟ್ಟಿ ಮುರಿದಿದ್ದರೆ ಡ್ರೈವರನಿಗೆ ಬೈಯಬೇಡ, ಕಟ್ಟಿದ್ದು ನಾನು.

ಚಾದರ ಒಣಗಿದೆ. ಅಮ್ಮ ಏಳುವುದರೊಳಗೆ ಮತ್ತೆ ನೆನೆಸಿ ಕಟ್ಟಬೇಕು.

ನಿನ್ನ ಅಪ್ಪ