ಸ್ನಾನದ ಬಗ್ಗೆ ಕೇಳಿದ ವೈದ್ಯರಿಗೆ

ನಾನು ಕೊನೆಯ ಬಾರಿ ಗಾಂಜಾ ಸೇದಿ ಇಂದಿಗೆ 1 ವರ್ಷವಾಯಿತು. ಈ ದಿನ ನಾನು ಮೊದಲು ನೆನೆಯಬೇಕಾದದ್ದು, ಅದಕ್ಕೂ ಕೆಲವು ವಾರಗಳ ಹಿಂದಿನ ಒಂದು ರಾತ್ರಿ ತುರ್ತು ಚಿಕಿತ್ಸಾ ವಿಭಾಗದಲ್ಲಿದ್ದ ಕಿರಿಯ ವೈದ್ಯೆಯನ್ನು. ಹೊಟ್ಟೆ ಒತ್ತಿ ನೋಡುವಾಗ ಬಿಸಿನೀರಿನಿಂದ ಚರ್ಮದ ಮೇಲೆ ಎದ್ದಿದ್ದ ಕೆಂಪು ಕಲೆಗಳ ಬಳಿ ಅವರ ಬೆರಳು ನಿಂತಿತು. "ವಾಂತಿಯಾಗುವಾಗ ಬಿಸಿನೀರು ಸುರಿದುಕೊಂಡರೆ ಹಾಯೆನಿಸುತ್ತದೆಯೇ?" ಎಂದು ಕೇಳಿದರು. ಅದಕ್ಕೆ ಮುಂಚಿನ 3 ವರ್ಷಗಳಲ್ಲಿ ಎಂಡೋಸ್ಕೋಪಿ, ಸ್ಕ್ಯಾನ್ ಎಲ್ಲವೂ ಆಗಿದ್ದವು. ಈ ಪ್ರಶ್ನೆಯೊಂದು ಮಾತ್ರ ಬಂದಿರಲಿಲ್ಲ. ತಪ್ಪು ಹಿಂದಿನ ವೈದ್ಯರದಷ್ಟೇ ಅಲ್ಲ, ಗಾಂಜಾ ವಿಷಯವನ್ನು ಮುಚ್ಚಿಟ್ಟವನು ನಾನೇ. ವಾಕರಿಕೆಯನ್ನು ತಗ್ಗಿಸುತ್ತದೆಂದು ಹೆಸರಾದ ವಸ್ತುವೇ ವಾಂತಿ ತರಿಸೀತೆಂದು ಊಹಿಸದೆ, ಬೆಳಗಿನ ಹೊಟ್ಟೆ ತೊಳಸಿಗೆ ಮತ್ತಷ್ಟು ಸೇದುತ್ತಿದ್ದೆ. ಗಾಂಜಾದ ದೀರ್ಘಕಾಲದ ಬಳಕೆದಾರರಲ್ಲಿ ಪದೇಪದೇ ವಾಂತಿ ತರಿಸುವ, ಬಿಸಿನೀರಿನ ಸ್ನಾನದಿಂದ ತುಸು ತಗ್ಗುವ ಈ ಕಾಯಿಲೆಯನ್ನು (ಕ್ಯಾನಬಿನಾಯ್ಡ್ ಹೈಪರೆಮೆಸಿಸ್ ಸಿಂಡ್ರೋಮ್) ದಕ್ಷಿಣ ಆಸ್ಟ್ರೇಲಿಯಾದ ವೈದ್ಯರು 2004ರಲ್ಲಿ ವಿವರಿಸಿದ್ದರೆಂದು ಆ ವೈದ್ಯೆಯಿಂದಲೇ ತಿಳಿಯಿತು.

ವಾಂತಿಗೆ ಸಾಮಾನ್ಯವಾಗಿ ಕೊಡುವ ಒಂಡಾನ್ಸೆಟ್ರಾನ್ ನನಗೆ ನಾಟಿರಲಿಲ್ಲ. ಅಂದು ಡ್ರಿಪ್‌ನಲ್ಲಿ ದ್ರವವನ್ನೂ ಕುಸಿದಿದ್ದ ಪೊಟ್ಯಾಸಿಯಂ ಅನ್ನೂ ಕೊಟ್ಟು, ಇಸಿಜಿ ನೋಡಿಕೊಂಡು, ವಾಂತಿ ತಡೆಯಲು ಹ್ಯಾಲೋಪೆರಿಡಾಲ್ ಎಂಬ ಮದ್ದು ಚುಚ್ಚಿದರು. ಮಾರ್ಫಿನ್ ಬಗೆಯ ನೋವಿನ ಮದ್ದು ಈ ಕಾಯಿಲೆಯನ್ನು ಕೆರಳಿಸಬಹುದೆಂದು ದೂರವಿಟ್ಟರು. ಶುಶ್ರೂಷಕಿಯೊಬ್ಬರು ಕೈಗವಸು ತೊಟ್ಟು, ಕಣ್ಣಿಗೆ ತಾಗಿಸಿಕೊಳ್ಳಬೇಡಿರೆಂದು ಎಚ್ಚರಿಸಿ, ಹೊಟ್ಟೆಗೆ ಕ್ಯಾಪ್ಸೈಸಿನ್ ಮುಲಾಮು ಸವರಿದರು. ಮೆಣಸಿನಕಾಯಿಯ ಖಾರವೇ ಅದು! ಬಿಸಿಯನ್ನು ಗ್ರಹಿಸುವ ನರತುದಿಗಳನ್ನು ಅದೂ ಕೆಣಕುವುದರಿಂದ ಬಿಸಿನೀರಿನಂತೆಯೇ ಆರಾಮ ಕೊಡುತ್ತದೆಂದು ಭಾವಿಸಲಾಗಿದೆಯಂತೆ. ಉರಿಯುತ್ತಿದ್ದ ಹೊಟ್ಟೆಯೊಡನೆ ಅಂದು ನಾನು ಮಗುವಿನಂತೆ ನಿದ್ದೆ ಹೋದೆ.

ಇವೆಲ್ಲ ಆ ಹೊತ್ತಿನ ಶಮನ, ಗುಣವಾಗಬೇಕೆಂದರೆ ಗಾಂಜಾವನ್ನು ಪೂರ್ತಿ ಬಿಡಲೇಬೇಕು ಎಂದು ವೈದ್ಯೆ ಸ್ಪಷ್ಟವಾಗಿ ಹೇಳಿದ್ದರು. ನಂಬದೆ, 5 ವಾರಗಳ ನಂತರ ಮತ್ತೆ ಶುರುಮಾಡಿ, ಕೆಲವೇ ದಿನಗಳಲ್ಲಿ ಅದೇ ಹಾಸಿಗೆಗೆ ಮರಳಿದೆ. ಅವರು ಗದರಲಿಲ್ಲ, ಆಪ್ತಸಮಾಲೋಚಕರೊಬ್ಬರ ಬಳಿಗೆ ಕಳಿಸಿದರು. ಗಾಂಜಾದ ಅಂಶ ಕೊಬ್ಬಿನಲ್ಲಿ ಉಳಿದು ನಿಧಾನವಾಗಿ ಹೊರಹೋಗುವುದರಿಂದ ವಾಕರಿಕೆ ಇನ್ನೂ ಕೆಲವು ವಾರ ಕಾಡಬಹುದೆಂದು ಆ ಸಮಾಲೋಚಕರು ಮೊದಲೇ ತಿಳಿಸಿದ್ದರಿಂದಲೇ, ನಿದ್ದೆಯಿಲ್ಲದ, ಸಿಡುಕಿನ ಆ ದಿನಗಳಲ್ಲಿ ನಾನು ಕೈಚೆಲ್ಲಲಿಲ್ಲ.

ಆ ಸಿಡುಕನ್ನೆಲ್ಲ ನುಂಗಿಕೊಂಡವಳು ಅಕ್ಕ. ನಡುರಾತ್ರಿ ಗಂಟೆಗಟ್ಟಲೆ ಬಿಸಿನೀರಿನಡಿ ಕೂತಿರುತ್ತಿದ್ದ ನನಗೆ ಪ್ರಜ್ಞೆ ತಪ್ಪಿತೇನೋ ಎಂದು ಅವಳು ಆಗಾಗ ಬಚ್ಚಲಮನೆಯ ಬಾಗಿಲು ತಟ್ಟುತ್ತಿದ್ದಳು. ಈಗ ನನ್ನ ಸ್ನಾನ 10 ನಿಮಿಷದಲ್ಲಿ ಮುಗಿಯುತ್ತದೆ. ಆದರೂ ಅವಳು ಒಮ್ಮೆ ಬಾಗಿಲು ತಟ್ಟಿಯೇ ಹೋಗುತ್ತಾಳೆ.