ಹಳೆ ಟ್ಯಾಂಕ್ ಹೊರಗೆ ಬಂತು ಕಣೋ

ಗೆಳೆಯಾ,

ನನ್ನ ಹಾಯಿದೋಣಿಯ ಹಳೆ ಡೀಸೆಲ್ ಟ್ಯಾಂಕ್ ಕೊನೆಗೂ ಹೊರಗೆ ಬಂತು. ಹನ್ನೊಂದು ದಿನ ಹಿಡಿಯಿತು. 'ಎಲ್ಲಿಗೆ ಬಂತು, ಏನು ಕಥೆ' ಅಂತ ನೀನು ಕೇಳುತ್ತಲೇ ಇದ್ದೆ. ನಾನು 'ನಡೀತಿದೆ' ಅಂದು ಫೋನ್ ಇಡುತ್ತಿದ್ದೆ. ಎರಡು ಮಾತಲ್ಲಿ ಮುಗಿಯುವ ವಿಷಯ ಅಲ್ಲ ಇದು. ಹಳೆ ಹಾಯಿದೋಣಿ ಇಟ್ಟುಕೊಂಡ ಇನ್ನೂ ಕೆಲವರು ಇದನ್ನೇ ಕೇಳಿದ್ದಾರೆ. ಅದಕ್ಕೆ ಪತ್ರ ನಿನಗೇ ಆದರೂ ಎಲ್ಲರೂ ಓದಲಿ ಅಂತ ಇಲ್ಲಿ ಹಾಕುತ್ತಿದ್ದೇನೆ. ಹಸಿರು ಬಕೆಟ್ಟಿನ ಸುದ್ದಿ ಎತ್ತುವುದಿಲ್ಲ, ಧೈರ್ಯವಾಗಿರು.

ಮೊದಲು ಡೀಸೆಲ್ ಖಾಲಿ ಮಾಡಿದೆ. ಕೈಪಂಪಿನಲ್ಲಿ ಎಳೆದು ಕ್ಯಾನುಗಳಿಗೆ ತುಂಬಿದೆ. ಮೇಲಿನ ನಲವತ್ತು ಲೀಟರ್ ಚೆನ್ನಾಗಿಯೇ ಇತ್ತು, ಬಿಸಿಲಿಗೆ ಹಿಡಿದರೆ ಆಚೆ ಬದಿ ಕಾಣುತ್ತಿತ್ತು. ಕೊನೆಯ ಎರಡು ಮೂರು ಲೀಟರ್ ಬರುವಾಗ ಪಂಪ್ ಗೊರಗೊರ ಅನ್ನತೊಡಗಿತು. ಅದನ್ನು ಒಂದು ಗಾಜಿನ ಬಾಟಲಿಗೆ ಹಾಕಿ ರಾತ್ರಿಯಿಡೀ ಅಲುಗಿಸದೆ ಬಿಟ್ಟೆ. ಬೆಳಿಗ್ಗೆ ನೋಡಿದರೆ ಮೂರು ಪದರ. ಮೇಲೆ ಡೀಸೆಲ್, ಕೆಳಗೆ ನೀರು. ಎರಡರ ನಡುವೆ ಹಾಲಿನ ಕೆನೆಯಷ್ಟು ತೆಳುವಾಗಿ ಏನೋ ಕಟ್ಟಿತ್ತು, ಆದರೆ ಕಪ್ಪು. ಬಾಟಲಿ ಸ್ವಲ್ಪ ಓರೆ ಮಾಡಿದರೆ ಅದು ಹರಿದು ಚೂರುಚೂರಾಗಿ ತೇಲುತ್ತಿತ್ತು.

ಅದರಲ್ಲಿ ಜೀವ ಇದೆ ಕಣೋ. ಬ್ಯಾಕ್ಟೀರಿಯಾ, ಬೂಷ್ಟು. ವಾಸ ನೀರಿನಲ್ಲಿ, ಊಟ ಡೀಸೆಲ್. ನೀರಿಲ್ಲದಿದ್ದರೆ ಅವು ಬೆಳೆಯುವುದೇ ಇಲ್ಲ. ನೀರಿಗೋ ನೂರು ದಾರಿ. ಡೆಕ್ಕಿನ ಮೇಲೆ ಡೀಸೆಲ್ ತುಂಬುವ ಮುಚ್ಚಳ ಇದೆಯಲ್ಲ, ಅದರಲ್ಲಿ ಮಕ್ಕಳ ಬಳೆಯಷ್ಟು ಒಂದು ರಬ್ಬರ್ ರಿಂಗ್ ಇರುತ್ತದೆ. ಅದು ಒಣಗಿ ಬಿರಿದರೆ ಮಳೆನೀರು ನೇರ ಟ್ಯಾಂಕಿಗೆ. ಅರ್ಧ ತುಂಬಿದ ಟ್ಯಾಂಕಿನ ಒಳಗೋಡೆ ರಾತ್ರಿ ತಂಪಿಗೆ ಬೆವರುತ್ತದೆ. ಗಾಳಿ ಆಡುವ ಕೊಳವೆಯಿಂದ ಅಲೆ ನುಗ್ಗುತ್ತದೆ. ಡೀಸೆಲ್‌ಗಿಂತ ನೀರು ಭಾರ, ಹಾಗಾಗಿ ಒಳಗೆ ಹೋದದ್ದು ತಳ ಸೇರಿ ಕೂತುಬಿಡುತ್ತದೆ. ಬಯೋಡೀಸೆಲ್ ಬೆರೆತ ಡೀಸೆಲ್ ಆದರೆ ನೀರನ್ನು ಇನ್ನೂ ಜಾಸ್ತಿ ಹೀರುತ್ತದೆ.

ಆಮೇಲೆ ಟ್ಯಾಂಕಿಗೆ ಕೈ ಹಾಕಿದೆ. 90 ಲೀಟರಿನ ಅಲ್ಯೂಮಿನಿಯಂ ಟ್ಯಾಂಕ್, ಕಾಕ್‌ಪಿಟ್ಟಿನ ಅಡಿಯಲ್ಲಿ, ಅಂದರೆ ಕೂತು ದೋಣಿ ನಡೆಸುವ ಜಾಗದ ಕೆಳಗೆ. 1983ರಲ್ಲಿ ಈ ದೋಣಿ ಕಟ್ಟಿದವರು ಮೊದಲು ಟ್ಯಾಂಕ್ ಕೂರಿಸಿ, ಅದರ ಸುತ್ತ ಮಿಕ್ಕದ್ದನ್ನೆಲ್ಲ ಕಟ್ಟಿದ್ದಾರೆ. ಕತ್ತರಿಸಿ ತೆಗೆ ಅಂದವರು ತುಂಬ ಜನ. ಡೀಸೆಲ್ ಕುಡಿದ ಟ್ಯಾಂಕಿಗೆ ಕಿಡಿ ಹಾರುವ ಗ್ರೈಂಡರ್ ಹಚ್ಚಲು ನನಗೆ ಮನಸ್ಸಾಗಲಿಲ್ಲ. ಪ್ಲೈವುಡ್ಡಿನ ಒಂದು ಅಡ್ಡಗೋಡೆ ಬಿಚ್ಚಿದೆ, ಟ್ಯಾಂಕನ್ನು ಪಕ್ಕಕ್ಕೆ ಮಲಗಿಸಿದೆ, ಹಗ್ಗ ಹಾಕಿ ಒಂದೊಂದೇ ಇಂಚು ಎಳೆದೆ. ಬಾಗಿಲ ಚೌಕಟ್ಟಿಗೂ ಟ್ಯಾಂಕಿಗೂ ಒಂದು ಬೆರಳಿನ ಸಂದು ಉಳಿಯಿತು.

ಬೆಳಕಿಗೆ ತಂದಾಗ ಟ್ಯಾಂಕಿನ ಮೇಲ್ಭಾಗ ಹೊಸದರ ಹಾಗೆ ಹೊಳೆಯುತ್ತಿತ್ತು. ತಿರುಗಿಸಿ ಹಾಕಿದೆ. ತಳಕ್ಕೆ ಎರಡು ಪಟ್ಟಿ ಸ್ಪಂಜು ಅಂಟಿಸಿದ್ದರು, ಅಲುಗಾಡಿ ಉಜ್ಜದಿರಲಿ ಅಂತ. ಆ ಸ್ಪಂಜು ಇಷ್ಟು ವರ್ಷ ಉಪ್ಪುನೀರು ಹೀರಿಕೊಂಡು ಕೂತಿತ್ತು. ಅಲ್ಯೂಮಿನಿಯಂಗೆ ಗಾಳಿ ಸಿಕ್ಕಿದರೆ ತನ್ನ ಮೈಯನ್ನು ತಾನೇ ಕಾಪಾಡಿಕೊಳ್ಳುತ್ತದೆ. ಗಾಳಿ ಇಲ್ಲದೆ ಒದ್ದೆಯಲ್ಲೇ ಇದ್ದರೆ ಒಳಗೊಳಗೇ ತಿಂದುಹೋಗುತ್ತದೆ. ಪಟ್ಟಿ ಕಿತ್ತೆ. ಕೆಳಗೆ ಸುಣ್ಣದಂಥ ಬಿಳಿ ಪುಡಿ. ಬೆರಳಲ್ಲಿ ಒರೆಸಿದೆ, ಸಣ್ಣ ಸಣ್ಣ ಗುಳಿಗಳು. ಒಂದು ಗುಳಿಯನ್ನು ಸುಮ್ನೆ ಉಗುರಿನಿಂದ ಒತ್ತಿದೆ. ಪಕ್ಕನೆ ಆಚೆ ಹೋಯಿತು. ಟಾರ್ಚ್ ಒಳಗಿಟ್ಟು ನೋಡಿದರೆ ಸಾಸಿವೆ ಕಾಳಿನಷ್ಟು ಬೆಳಕು.

ಕೊನೆಗೆ ಡೀಸೆಲ್ ಎಳೆಯುವ ಕೊಳವೆ. ಟ್ಯಾಂಕಿನ ಮೇಲಿಂದ ತಳದವರೆಗೆ ಇಳಿಯುತ್ತದಲ್ಲ, ಅದು. ಅದರ ತುದಿಯಲ್ಲಿ ಬೆರಳಿನ ಟೋಪಿಯಷ್ಟು ಒಂದು ತಂತಿ ಜರಡಿ ಇತ್ತು. ಇತ್ತು ಅಂತಲೇ ನನಗೆ ಗೊತ್ತಿರಲಿಲ್ಲ. ಯಾವ ಚಿತ್ರದಲ್ಲೂ ಅದನ್ನು ತೋರಿಸಿಲ್ಲ. ಜರಡಿಯ ಕಣ್ಣುಗಳಲ್ಲಿ ಮುಕ್ಕಾಲು ಪಾಲು ಆ ಕಪ್ಪು ಲೋಳೆಯಿಂದ ಮುಚ್ಚಿಹೋಗಿದ್ದವು.

ಅದನ್ನು ಅಂಗೈ ಮೇಲೆ ಇಟ್ಟುಕೊಂಡು ತುಂಬ ಹೊತ್ತು ಕೂತಿದ್ದೆ. ಅವತ್ತು ಮತ್ತೆ ಕೆಲಸಕ್ಕೆ ಕೈ ಹೋಗಲಿಲ್ಲ.

ಎರಡು ವರ್ಷದ ಹಿಂದಿನ ಆ ಸಂಜೆ ನಿನಗೆ ಚೆನ್ನಾಗಿ ನೆನಪಿದೆ. ಎಷ್ಟು ಜನರಿಗೆ ಹೇಳಿದ್ದೀಯ ಆ ಕಥೆಯನ್ನು. 'ಬಂದರಿನ ಬಾಯಲ್ಲಿ ಅಷ್ಟು ಅಲೆ, ಇವನು ಎಂಜಿನ್ ಆಫ್ ಮಾಡಿ ಬರೀ ಹಾಯಿಯಲ್ಲೇ ಒಳಗೆ ತಂದ' ಅಂತ. ಹೇಳುವಾಗ ನಿನ್ನ ಮುಖ ಅರಳುತ್ತದೆ. ನಾನು ಪಕ್ಕದಲ್ಲೇ ಇರುತ್ತೇನೆ, ತಲೆ ತಗ್ಗಿಸಿ ನಗುತ್ತೇನೆ.

ಎಂಜಿನ್ ನಾನು ಆಫ್ ಮಾಡಿರಲಿಲ್ಲ ಕಣೋ. ಅದೇ ನಿಂತಿತ್ತು.

ಮೊದಲು ಸದ್ದು ತಗ್ಗಿತು, ಮತ್ತೆ ಏರಿತು, ಮತ್ತೆ ತಗ್ಗಿತು. ಅಲೆಗೆ ದೋಣಿ ಎದ್ದೆದ್ದು ಬೀಳುವಾಗ ತಳದಲ್ಲಿ ಕೂತಿದ್ದ ಕಸವೆಲ್ಲ ಕದಡಿ ಮೇಲೆದ್ದಿರಬೇಕು. ಶಾಂತ ನೀರಿನಲ್ಲಿ ವರ್ಷಗಟ್ಟಲೆ ಸುಮ್ಮನಿದ್ದದ್ದು, ಎಂಜಿನ್ ತೀರಾ ಬೇಕಾದ ಹೊತ್ತಿಗೇ ಬಂದು ಜರಡಿಗೆ ಮೆತ್ತಿಕೊಳ್ಳುತ್ತದೆ. ಎಡಗಡೆ ಬಂಡೆ ಇತ್ತು. ಗಾಳಿ ನಮ್ಮನ್ನು ಅತ್ತಲೇ ತಳ್ಳುತ್ತಿತ್ತು. ನಿನ್ನ ಮಗಳು ಮುಂದಿನ ಕ್ಯಾಬಿನ್‌ನಲ್ಲಿ ಮಲಗಿದ್ದಳು. ನೀನು ಹಿಂತಿರುಗಿ ನೋಡಿದೆ. ನಾನು ನಗುತ್ತಾ 'ಗಾಳಿ ಚೆನ್ನಾಗಿದೆ, ಹಾಯಿಯಲ್ಲೇ ಹೋಗೋಣ ಬಾ' ಅಂದೆ. ನನ್ನ ಬಲಗೈ ಆಗಲೂ ಎಂಜಿನ್ ಕೀ ಮೇಲೇ ಇತ್ತು. ಎರಡು ಸಲ ತಿರುಗಿಸಿದ್ದೆ. ಹಾಯಿಯ ಪಟಪಟ ಸದ್ದಿನಲ್ಲಿ ನಿನಗೆ ಕೇಳಿಸಲಿಲ್ಲ.

ಗಾಳಿ ಒಂದು ನಿಮಿಷ ಕೈಕೊಟ್ಟಿದ್ದರೆ ಏನಾಗುತ್ತಿತ್ತು ಅಂತ ಯೋಚಿಸದ ರಾತ್ರಿ ಕಡಿಮೆ.

ಮರುದಿನ ಬೆಳಿಗ್ಗೆ ಎಂಜಿನ್ ಒಂದೇ ಸಲಕ್ಕೆ ಎದ್ದಿತು. ಎಳೆತ ನಿಂತ ಮೇಲೆ ಜರಡಿಗೆ ಅಂಟಿದ್ದ ಕಸ ತಾನೇ ಉದುರಿ ತಳಕ್ಕೆ ಬೀಳುತ್ತದೆ, ಅದಕ್ಕೇ ಹಾಗೆ. ಇದು ಈಗ ಗೊತ್ತು. ಆದರೆ ಗೊತ್ತಿರಲಿಲ್ಲ ಅಂತ ಪೂರ್ತಿ ಹೇಳಲೂ ಆಗುವುದಿಲ್ಲ. ಫಿಲ್ಟರ್ ಬದಲಿಸಿದಾಗಲೆಲ್ಲ ಕಪ್ಪಾಗಿಯೇ ಬರುತ್ತಿತ್ತು. 'ಡೀಸೆಲ್ ವಾಸನೆ ಜಾಸ್ತಿ ಆಗಿದೆ ಅಲ್ವಾ' ಅಂತ ನೀನು ಒಮ್ಮೆ ಕೇಳಿದ್ದೆ. 'ಹಳೆ ದೋಣಿ ಅಂದಮೇಲೆ ಇದ್ದದ್ದೇ' ಅಂದಿದ್ದೆ. ಟ್ಯಾಂಕ್ ತೆರೆಯಬೇಕು ಅಂತ ನನಗೆ ಆಗಲೇ ಗೊತ್ತಿತ್ತು. ಅದಾದ ಮೇಲೂ ನಾಲ್ಕು ಸಲ ನಿಮ್ಮಿಬ್ಬರನ್ನು ಕರೆದುಕೊಂಡು ಹೋದೆ.

ಯಾಕೆ ಹೇಳಲಿಲ್ಲ ಅಂದರೆ, ಆ ಕಥೆ ನನಗೆ ಇಷ್ಟವಾಗಿತ್ತು. ನೀನು ಹೇಳುವ ಆ ಮನುಷ್ಯ ನಾನೇ ಆಗಿರಬೇಕು ಅಂತ ಆಸೆ ಇತ್ತು. ಟ್ಯಾಂಕಿನ ಕೆಲಸಕ್ಕೆ ಕೈ ಜೋಡಿಸುತ್ತೇನೆ ಅಂತ ನೀನು ಮೂರು ಸಲ ಹೇಳಿದೆ, ಬೇಡ ಅಂದೆ. ಜಾಗ ಇಕ್ಕಟ್ಟು ಅಂದೆ. ನೀನು ನೋಡಬಾರದು ಅಂತಿತ್ತು.

ಇದನ್ನು ಬರೆಯಲು ಕೂತಿರಲಿಲ್ಲ. ಫಿಲ್ಟರ್ ವಿಷಯ ಬರೆಯಲು ಕೂತಿದ್ದೆ. ಈ ಭಾಗ ಅಳಿಸಿ, ನಿನಗೆ ಮಾತ್ರ ಬೇರೆಯಾಗಿ ಕಳಿಸೋಣ ಅಂದುಕೊಂಡೆ. ಆದರೆ ಆ ಕಥೆಯನ್ನು ನೀನು ಎಲ್ಲರ ಮುಂದೆ ಹೇಳಿದ್ದೀಯ. ತಿದ್ದುವುದೂ ಎಲ್ಲರ ಮುಂದೆಯೇ ಆಗಲಿ. ಕ್ಷಮಿಸು.

ಸರಿ, ಫಿಲ್ಟರ್‌ಗೆ ಬರುತ್ತೇನೆ.

ಹೊಸ ಟ್ಯಾಂಕ್ 70 ಲೀಟರಿನದು, ದಪ್ಪ ಪ್ಲಾಸ್ಟಿಕ್. ತರಿಸುವ ಮೊದಲು ಅದೇ ಅಳತೆಗೆ ರಟ್ಟಿನ ಡಬ್ಬ ಮಾಡಿ, ಬಾಗಿಲಿನಿಂದ ಒಳಗೆ ತೂರಿಸಿ, ಜಾಗದಲ್ಲಿ ಕೂರಿಸಿ ನೋಡಿದೆ. ಹಳೆ ದೋಣಿ ಇರುವವರೆಲ್ಲ ದಯವಿಟ್ಟು ಇದೊಂದು ಮಾಡಿ. ಪ್ಲಾಸ್ಟಿಕ್ ಟ್ಯಾಂಕ್ ಡೀಸೆಲ್ ತುಂಬಿದ ಮೇಲೆ ಸ್ವಲ್ಪ ಉಬ್ಬುತ್ತದೆ, ಸುತ್ತ ಜಾಗ ಬಿಡಬೇಕು. ಕೊಳವೆಯ ತುದಿಯಲ್ಲಿ ಈಗ ಜರಡಿ ಇಲ್ಲ. ಕಸ ಹಿಡಿಯುವುದು ಏನಿದ್ದರೂ ಹೊರಗಿನ ಫಿಲ್ಟರ್‌ನಲ್ಲಿ, ಕೈಗೆ ಸಿಗುವ ಕಡೆ. ಮೊದಲನೆಯದು 10 ಮೈಕ್ರಾನಿನದು. ನಮ್ಮ ಕೂದಲೆಳೆ ಸುಮಾರು 70 ಮೈಕ್ರಾನ್, ಲೆಕ್ಕ ಹಾಕು. ಅದರ ಕೆಳಗೆ ಗಾಜಿನ ಬಟ್ಟಲು, ನೀರು ಬಂದರೆ ಕಣ್ಣಿಗೆ ಕಾಣುತ್ತದೆ, ನಲ್ಲಿ ತಿರುಗಿಸಿ ಬಿಡಬಹುದು. ಫಿಲ್ಟರ್ ಮೇಲೆ ಒಂದು ಮೀಟರ್ ಹಾಕಿದ್ದೇನೆ. ಫಿಲ್ಟರ್ ಕಟ್ಟಿಕೊಳ್ಳುತ್ತಾ ಬಂದ ಹಾಗೆ ಎಂಜಿನ್ ಜೋರಾಗಿ ಎಳೆಯಬೇಕಾಗುತ್ತದೆ, ಮುಳ್ಳು ಏರುತ್ತದೆ. ಅಂದರೆ ನಿಲ್ಲುವ ಮೊದಲೇ ಅದು ಹೇಳುತ್ತದೆ. ಈ ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಸಾಮಾನು ಇದೇ.

ಪೈಪೆಲ್ಲ ಐಎಸ್‌ಒ 7840 ಎ1 ಅನ್ನುವ ಗುಣಮಟ್ಟದ ಗುರುತು ಮೈಮೇಲೆ ಅಚ್ಚಾಗಿರುವುದು, ಬೆಂಕಿಗೆ ಎರಡೂವರೆ ನಿಮಿಷ ತಡೆಯುವಂಥದ್ದು. ಜೋಡಣೆಗಳಿಗೆ ಬಿಳಿ ಟೇಪ್ ಸುತ್ತಲಿಲ್ಲ. ಅದರ ಎಳೆ ಬಿಚ್ಚಿ ಒಳಗೆ ಹೋದರೆ ಮತ್ತೆ ಅದೇ ಕಥೆ. ಡೀಸೆಲ್ ತಡೆಯುವ ಪೇಸ್ಟ್ ಹಚ್ಚಿದೆ.

ಎಲ್ಲ ಜೋಡಿಸಿ ಸ್ಟಾರ್ಟ್ ಮಾಡಿದರೆ ನಾಲ್ಕು ನಿಮಿಷ ಓಡಿ ನಿಂತಿತು. ಏರ್ ಹಿಡಿದಿತ್ತು. ಟ್ಯಾಂಕಿನಿಂದ ಫೀಡ್ ಪಂಪ್‌ವರೆಗೆ (ಎಂಜಿನ್‌ಗೆ ಡೀಸೆಲ್ ಎಳೆದುಕೊಡುವ ಪಂಪ್ ಅದು) ಡೀಸೆಲ್ ಹೋಗುವುದು ಎಳೆತದಲ್ಲಿ. ಅಲ್ಲಿ ಸಂದು ಇದ್ದರೆ ಎಂಜಿನ್ ಓಡುವಾಗ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಒಂದು ಹನಿ ಸೋರುವುದಿಲ್ಲ, ಬಟ್ಟೆ ಒತ್ತಿದರೆ ಒಣಗಿಯೇ ಇರುತ್ತದೆ. ಎರಡು ದಿನ ಹುಡುಕಿದೆ. ಕೊನೆಗೆ ಒಂದು ಗೇಣು ಪಾರದರ್ಶಕ ಪೈಪನ್ನು ಒಂದೊಂದು ಜೋಡಣೆಯ ಮುಂದೆಯೂ ತಾತ್ಕಾಲಿಕವಾಗಿ ಹಾಕಿ ನೋಡುತ್ತಾ ಬಂದೆ. ಫಿಲ್ಟರ್ ದಾಟಿದ ಮೇಲೆ ಸೋಡಾದಲ್ಲಿ ಏಳುವಂಥ ಗುಳ್ಳೆಗಳು ಹೋಗುತ್ತಿದ್ದವು. ಅಲ್ಲಿ ಹಳೆ ತಾಮ್ರದ ವಾಷರನ್ನೇ ಮತ್ತೆ ಹಾಕಿದ್ದೆ. ಹೊಸದು ಹಾಕಿದೆ, ಗುಳ್ಳೆ ನಿಂತವು.

ಏರ್ ತೆಗೆಯುವಾಗ ಒಂದು ಮಾತು ಮರೆಯಬೇಡಿ. ಎಂಜಿನ್ ಎದ್ದೇಳದೆ ಸುಮ್ನೆ ತಿರುಗಿಸುತ್ತಲೇ ಇದ್ದರೆ, ತಂಪಿಗೆ ಬರುವ ಸಮುದ್ರದ ನೀರು ಸೈಲೆನ್ಸರ್‌ನಲ್ಲಿ ತುಂಬಿ ಸಿಲಿಂಡರಿಗೇ ಹಿಂದೆ ನುಗ್ಗಬಹುದು. ನೀರಿನ ವಾಲ್ವ್ ಮುಚ್ಚಿಟ್ಟು ತಿರುಗಿಸಿ, ಎಂಜಿನ್ ಎದ್ದ ಕ್ಷಣಕ್ಕೆ ತೆರೆಯಿರಿ. ಮೊದಲು ಫೀಡ್ ಪಂಪಿನ ಸಣ್ಣ ಹಿಡಿ ಒತ್ತುತ್ತಾ ಎಂಜಿನ್ ಮೇಲಿನ ಫಿಲ್ಟರಿನ ಸ್ಕ್ರೂ ಸಡಿಲಿಸಬೇಕು. ನೊರೆ ಬರುತ್ತದೆ, ಆಮೇಲೆ ಉಗುಳಿದ ಹಾಗೆ ತುಣುಕು ತುಣುಕು, ಆಮೇಲೆ ಒಂದೇ ಧಾರೆ. ಬಿಗಿ ಮಾಡಿ, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಜಲ್‌ಗಳ ನಟ್‌ಗಳಿಗೆ ಹೋಗಬೇಕು. ಅಲ್ಲಿ ಬೆರಳು ಅಡ್ಡ ಇಡಬಾರದು. ಅಲ್ಲಿ ಒತ್ತಡ 100 ಬಾರ್‌ಗಿಂತ ಜಾಸ್ತಿ ಇರುತ್ತದೆ, ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ.

ನಿನ್ನೆ ಸಂಜೆ ಎದ್ದಿತು ಕಣೋ. ಮೊದಲು ಒಂದು ಸಿಲಿಂಡರ್ ಢಗ್ ಅಂತು, ಆಮೇಲೆ ಎರಡೂ ಜೊತೆಯಾದವು. ಎರಡು ಗಂಟೆ ಓಡಿಸಿದೆ. ಮೀಟರಿನ ಮುಳ್ಳು ಎದ್ದಿಲ್ಲ. ಗಾಜಿನ ಬಟ್ಟಲಿನಲ್ಲಿ ಡೀಸೆಲ್ ತಿಳಿಯಾಗಿ ನಿಂತಿದೆ, ಆಚೆಗೆ ಹಿಡಿದ ಬೆರಳು ಕಾಣುತ್ತದೆ. ನಾನು ದೀಪ ಹಿಡಿದುಕೊಂಡು ನೋಡುತ್ತಲೇ ಇದ್ದೆ.

ಅಲೆ ಇರುವ ಕಡೆ ಒಂದು ದಿನ ಪೂರ್ತಿ ಓಡಿಸಿ ನೋಡುವುದು ಬಾಕಿ ಇದೆ. ಅದನ್ನು ನಾನೊಬ್ಬನೇ ಮಾಡಿ ಮುಗಿಸುತ್ತೇನೆ. ಆಮೇಲೆ ನೀನು ಬರುತ್ತೀಯಾ? ಬರಲು ಮನಸ್ಸಿಲ್ಲದಿದ್ದರೆ ಒತ್ತಾಯ ಇಲ್ಲ, ನಿಜವಾಗಿ ಹೇಳುತ್ತಿದ್ದೇನೆ. ಬಂದರೆ ಮಗಳನ್ನು ಕರೆದುಕೊಂಡು ಬಾ. ಫೀಡ್ ಪಂಪಿನ ಆ ಹಿಡಿ ಅವಳ ಹೆಬ್ಬೆರಳಿಗೆ ಸರಿಯಾಗಿ ಹೊಂದುತ್ತದೆ. ಒತ್ತಿದಾಗ ಟಿಕ್ ಟಿಕ್ ಅನ್ನುತ್ತದೆ, ಖುಷಿಪಡುತ್ತಾಳೆ. ಅವತ್ತಿನ ವಿಷಯ ಅವಳಿಗೆ ಹೇಳುವುದೋ ಬಿಡುವುದೋ ನಿನಗೆ ಬಿಟ್ಟದ್ದು. ಕೇಳಿದರೆ ನಾನೇ ಹೇಳುತ್ತೇನೆ.

ಬರುವಾಗ ಹಸಿರು ಬಕೆಟ್ ತಾ.

ನಿನ್ನವನೇ